ಲಿಂಬಿಹಣ್ಣು, ಕಣ್ಣುಪಟ್ಟಿ, ಮೂರಂಕಿಯ ಬೀಗ

ನಾಗರ ಪಂಚಮಿ ಬಂತೆಂದರೆ ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡುಹುಡುಗರಿಗೆ ಪಂದ್ಯ. ಲಿಂಬಿಹಣ್ಣು ಒಗೆಯುತ್ತ ಹೋಗಿ ಇಂತಿಷ್ಟೇ ಒಗೆತದಲ್ಲಿ ಪಕ್ಕದೂರಿನ ಅಗಸಿ ಮುಟ್ಟುತ್ತೇನೆ ಎಂದು ಒಬ್ಬ ಜಿದ್ದಿಗೆ ಬೀಳುತ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ಹನುಮಪ್ಪನ ಗುಡಿಯ ಕಟ್ಟೆ ಮುಟ್ಟುತ್ತೇನೆ ಎಂದು ಇನ್ನೊಬ್ಬ. ಹಿಂದೆ ಓಣಿಯ ಹುಡುಗರ ದಂಡು, ಕೇಕೆ, ಸಿಳ್ಳೆ. ಗೆದ್ದವನಿಗೆ ಪಣದ ಹಣ, ಸೋತವನಿಗೆ ಮುಂದಿನ ಪಂಚಮಿಯವರೆಗೂ ಅಣಕ.

ಪೇಟೆಯಲ್ಲಿ ಇದೇ ಆಟ ಬೇರೆ ವೇಷದಲ್ಲಿ ನಡೆಯುತ್ತಿದೆ. ಹುಟ್ಟುಹಬ್ಬಕ್ಕೆ, ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ, ಕಚೇರಿಯ ಪ್ರವಾಸಕ್ಕೆ ‘ಟ್ರೆಷರ್ ಹಂಟ್’ ಏರ್ಪಡಿಸುತ್ತಾರೆ. ನಾಲ್ಕೈದು ತಂಡ, ಕೈಯಲ್ಲೊಂದು ಸುಳಿವಿನ ಚೀಟಿ, ಚೀಟಿ ಬಿಡಿಸಿದರೆ ಮುಂದಿನ ಠಿಕಾಣಿ, ಅಲ್ಲೊಂದು ಹುಚ್ಚು ಸವಾಲು. ಬಹಳ ಕಡೆ ಇದು ಅರ್ಧಕ್ಕೇ ಸೊರಗುವುದುಂಟು. ಚೆನ್ನಾಗಿ ಓಡುವ ಒಬ್ಬ ಯಾವ ತಂಡದಲ್ಲಿದ್ದಾನೋ ಅದು ಮುಂದೆ ಹೋಗಿಬಿಡುತ್ತದೆ, ಉಳಿದವರು ನೆರಳು ಹುಡುಕಿ ಕುಳಿತುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಂಥ ಓಟದ ಯೋಜನೆ ಮಾಡುವವನ ಮುಖ್ಯ ಕೆಲಸ ಒಂದೇ: ಬರೀ ಕಾಲಿನ ಬಲದಿಂದ ಯಾರೂ ಗೆಲ್ಲದಂತೆ ನೋಡಿಕೊಳ್ಳುವುದು. ಪಂಚಮಿಯ ಪಂದ್ಯ ಕಟ್ಟಿದ ಹಿರಿಯರಿಗೆ ಇದು ಗೊತ್ತಿತ್ತು. ಊರಿನ ಗಟ್ಟಿ ಆಳನ್ನೂ ಒಂದು ಮೊಳ ಬಟ್ಟೆ ಮಕ್ಕಳ ಮುಂದೆ ನಗೆಪಾಟಲು ಮಾಡುತ್ತದೆ.

ಬಟ್ಟೆ ಕಟ್ಟಿಸಿಕೊಂಡವನು ಮೊದಲ ಕೆಲವು ಹೆಜ್ಜೆ ನೆಟ್ಟಗೇ ಇಡುತ್ತಾನೆ. ಆಮೇಲೆ ದಾರಿ ಸೊಟ್ಟಗಾಗುತ್ತದೆ, ಆದರೆ ಅವನಿಗೆ ಮಾತ್ರ ತಾನು ದಾರ ಹಿಡಿದ ಹಾಗೆ ನಡೆಯುತ್ತಿದ್ದೇನೆಂಬ ಭರವಸೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಕಾಡಿನಲ್ಲಿ, ಸಹಾರಾ ಮರಳುಗಾಡಿನಲ್ಲಿ ಜನರನ್ನು ನಡೆಸಿ ಜಿಪಿಎಸ್‌ನಿಂದ ಹಾದಿ ದಾಖಲಿಸಿದರು. ಸೂರ್ಯ ಕಾಣುತ್ತಿದ್ದಾಗ ಜನ ಹೆಚ್ಚುಕಡಿಮೆ ನೇರವಾಗಿ ನಡೆದರು. ಮೋಡ ಮುಚ್ಚಿದಾಗ ಕಾಡಿನಲ್ಲಿ ಸುತ್ತು ಹೊಡೆದು ತಾವೇ ತುಳಿದ ಹಾದಿಯನ್ನು ದಾಟಿದರು, ಅದು ಅವರ ಅರಿವಿಗೇ ಬರಲಿಲ್ಲ. ಕಣ್ಣು ಕಟ್ಟಿ ನಡೆಸಿದಾಗ ಕೆಲವರ ಸುತ್ತು 20 ಮೀಟರ್ ವ್ಯಾಸಕ್ಕಿಂತಲೂ ಚಿಕ್ಕದಾಗಿತ್ತು.

ಒಂದು ಕಾಲು ತುಸು ಉದ್ದ ಇರುತ್ತದೆ, ಅದಕ್ಕೇ ಹೀಗೆ ಎಂದು ಹೇಳುವವರಿದ್ದಾರೆ. ಹಾಗಿದ್ದರೆ ಒಬ್ಬ ಮನುಷ್ಯ ಸದಾ ಒಂದೇ ಕಡೆಗೆ ತಿರುಗಬೇಕಿತ್ತು. ಪ್ರಯೋಗದಲ್ಲಿ ಅದೇ ವ್ಯಕ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದ. ಕಾರಣ ತಲೆಯೊಳಗಿದೆ. ‘ನನ್ನ ಮುಂದೆ’ ಅನ್ನುವ ದಿಕ್ಕನ್ನು ಮಿದುಳು ಒಳಕಿವಿಯ ಸಮತೋಲನ ಅಂಗದಿಂದ, ಸ್ನಾಯು ಮತ್ತು ಕೀಲುಗಳ ಸುದ್ದಿಯಿಂದ, ಕಣ್ಣಿನಿಂದ ಕೂಡಿಸಿ ಕಟ್ಟುತ್ತದೆ. ಪ್ರತಿ ಹೆಜ್ಜೆಗೂ ಕೂದಲೆಳೆಯ ತಪ್ಪು ನುಸುಳುತ್ತದೆ. ಕಣ್ಣು ತೆರೆದಿದ್ದರೆ ದೂರದ ಮರವೋ ಗುಡಿಯ ಶಿಖರವೋ ಅದನ್ನು ಅಲ್ಲಲ್ಲೇ ತಿದ್ದುತ್ತದೆ. ಮುಚ್ಚಿದರೆ ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗುತ್ತದೆ. ತಿದ್ದಲು ಹೊರಗಿನದೊಂದು ಗುರುತು ಸಾಕು, ದನಿಯಾದರೂ ಆದೀತು. ಹಾಗಾಗಿ ತಂಡದ ಓಟದಲ್ಲಿ ಈ ಪಂದ್ಯ ಇಡುವುದಾದರೆ ಗುರಿಯ ಬಳಿ ಕೂಗುವವರೊಬ್ಬರು ಇರಲಿ, ಆ ಕೆಲಸವನ್ನು ಓಡಲಾರದ ಅಜ್ಜಿಗೆ ಕೊಡಿ. ಎರಡು ತಂಡ ಏಕಕಾಲಕ್ಕೆ ಆಡಿದರೆ ಯಾರ ಅಜ್ಜಿಯ ದನಿ ಯಾವುದೆಂದು ತಿಳಿಯದೆ ಆಗುವ ಗೊಂದಲ ಬೇರೆಯೇ ಮಜಾ.

ಲಿಂಬಿಹಣ್ಣಿನ ಪಂದ್ಯದಲ್ಲಿ ತೋಳ್ಬಲದವನೇ ರಾಜ ಅನ್ನಿಸುತ್ತದೆ, ಬಹುಮಟ್ಟಿಗೆ ನಿಜವೂ ಹೌದು. ಗುರಿಯಿಂದ 10 ಡಿಗ್ರಿ ಆಚೀಚೆ ಒಗೆದರೂ ಮುಂದೆ ಸಾಗುವ ದೂರದಲ್ಲಿ ಕಳೆದುಹೋಗುವುದು ನೂರಕ್ಕೆ ಒಂದೂವರೆ ಪಾಲು ಮಾತ್ರ, 30 ಡಿಗ್ರಿ ತಪ್ಪಿದರೂ ಹದಿಮೂರು ಪಾಲು. 45 ಡಿಗ್ರಿಯಲ್ಲಿ ಒಗೆದರೆ ಅತಿ ದೂರ ಎಂದು ಶಾಲೆಯಲ್ಲಿ ಓದಿದ್ದು ಗಾಳಿಯ ತಡೆ ಇಲ್ಲದಿದ್ದಾಗ, ನೆಲಮಟ್ಟದಿಂದ ಹಾರಿಸಿದಾಗ ಮಾತ್ರ ಸರಿ. ನಾವು ಹೆಗಲಿನ ಮೇಲಿಂದ ಒಗೆಯುತ್ತೇವೆ, ಮೇಲ್ಮುಖ ಒಗೆತಕ್ಕೆ ತೋಳಿನ ವೇಗವೂ ಕುಗ್ಗುತ್ತದೆ. ಗುಂಡು ಎಸೆಯುವ ಆಟಗಾರರೂ ಸಾಮಾನ್ಯವಾಗಿ 40 ಡಿಗ್ರಿಯೊಳಗೇ ಎಸೆಯುತ್ತಾರೆ. ಲಿಂಬಿಹಣ್ಣಿಗಂತೂ ಬಿದ್ದ ಮೇಲೆ ಉರುಳುವ ಲಾಭ ಬೇರೆ ಇದೆ. ಡಾಂಬರು ರಸ್ತೆಯಲ್ಲಿ ತಗ್ಗಿನ ಒಗೆತ, ಗಟ್ಟಿ ಕಾಯಿ ಇದ್ದರೆ ಒಳ್ಳೆಯದು. ಮಾಗಿದ ಹಣ್ಣು ಬಿದ್ದಲ್ಲಿ ಚಪ್ಪಟೆಯಾಗಿ ಶಕ್ತಿಯೆಲ್ಲ ನುಂಗಿಬಿಡುತ್ತದೆ. ಬಲಾಢ್ಯನ ಸೊಕ್ಕು ಇಳಿಸಬೇಕೆಂದರೆ ಕೊನೆಯ ಒಗೆತ ಬುಟ್ಟಿಯೊಳಗೇ ಬೀಳಬೇಕೆಂಬ ನಿಯಮ ಹಾಕಿ. ದೂರಕ್ಕೆ ತೋಳು ಬೇಕು, ಬುಟ್ಟಿಗೆ ಕೈಹದ ಬೇಕು. ಇವೆರಡೂ ಒಬ್ಬನಲ್ಲೇ ಇರುವುದು ಕಡಿಮೆ.

ತಂಡದಲ್ಲಿ ಎಷ್ಟು ಜನ ಇರಬೇಕು? ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹೊರೆ ಎಳೆಸಿ ಬಲ ಅಳೆದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸ, ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆದಾಗಿನ ಬಲವನ್ನು 100 ಎಂದಿಟ್ಟುಕೊಂಡರೆ, ಇಬ್ಬರಾದಾಗ ತಲಾ 93, ನಾಲ್ವರಾದಾಗ 77, ಎಂಟು ಜನರಾದಾಗ ತಲಾ 49. ಅಂದರೆ ಎಂಟು ಜನ ಸೇರಿದರೂ ನಾಲ್ವರ ಬಲ! ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗದಿರುವುದು ಒಂದು ಕಾರಣ. ಇನ್ನೊಂದು ಕಾರಣವನ್ನು 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಜಾಣತನದಿಂದ ಹಿಡಿದರು. ಒಬ್ಬನ ಕಣ್ಣು ಕಟ್ಟಿ ಹಗ್ಗದ ಮುಂದಿನ ತುದಿಗೆ ನಿಲ್ಲಿಸಿದರು, ಅವನ ಹಿಂದೆ ನಿಂತವರು ಜಗ್ಗುವ ನಾಟಕವನ್ನಷ್ಟೇ ಆಡಿದರು. ಹೊಂದಾಣಿಕೆಯ ಪ್ರಶ್ನೆಯೇ ಅಲ್ಲಿರಲಿಲ್ಲ. ಹಾಗಿದ್ದೂ, ಹಿಂದೆ ಜನ ಇದ್ದಾರೆ ಎಂದು ನಂಬಿದ ಮಾತ್ರಕ್ಕೆ ಅವನ ಬಲ ಇಳಿಯಿತು. ಮದುವೆಮನೆಯಲ್ಲಿ ಬಡಿಸುವವರು ಹೆಚ್ಚಾದಷ್ಟೂ ಸಾರಿನ ಪಾಳಿ ಬರುವುದು ತಡವಾಗುವ ಹಾಗೆ. ನಾಲ್ಕು ಜನರ ತಂಡ ಸಾಕು, ಒಬ್ಬೊಬ್ಬರಿಗೂ ಹೆಸರಿಟ್ಟು ಒಂದೊಂದು ಕೆಲಸ ಇರಲಿ.

ಇನ್ನು ಸುಳಿವಿನ ಮಾತು. ಮೂರಂಕಿಯ ಬೀಗ ಹಾಕಿದ ಪೆಟ್ಟಿಗೆ ಈಗಿನ ಆಟಗಳಲ್ಲಿ ಸಾಮಾನ್ಯ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕಾಲ ಶಕ 500. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ 578. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನ ಶಕ 556, ಅಂದರೆ 634. ಬೀಗಕ್ಕೆ ಇದಕ್ಕಿಂತ ಚೆಂದದ ಅಂಕಿ ಈ ಜಿಲ್ಲೆಯಲ್ಲಿ ಸಿಗಲಾರದು. ಆದರೆ ಲೆಕ್ಕ ಹಾಕಿ ನೋಡಿ: ಮೂರಂಕಿಯ ಬೀಗಕ್ಕೆ 000ದಿಂದ 999ರವರೆಗೆ ಸಾವಿರ ಸಾಧ್ಯತೆ. ಒಂದಕ್ಕೆ ಎರಡು ಸೆಕೆಂಡಿನಂತೆ ಸುಮ್ಮನೆ ತಿರುಗಿಸುತ್ತ ಹೋದರೆ ಎಲ್ಲ ಮುಗಿಯಲು 33 ನಿಮಿಷ, ಸರಾಸರಿ ಅದರ ಅರ್ಧದಲ್ಲೇ ಬೀಗ ತೆರೆಯುತ್ತದೆ. ನಿಮ್ಮ ಒಗಟು ಬಿಡಿಸಲು ಹದಿನೇಳು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಜಾಣ ತಂಡ ತಲೆ ಬಿಟ್ಟು ಬೆರಳು ಓಡಿಸುತ್ತದೆ. ನಾಲ್ಕಂಕಿಯಾದರೆ ಐದೂವರೆ ತಾಸು ಬೇಕು, ಯಾರೂ ಆ ಗೋಜಿಗೆ ಹೋಗುವುದಿಲ್ಲ. ಸಿಕ್ಕಿಬಿದ್ದವರಿಗೆ ಕೊಡುವ ಸಹಾಯಕ್ಕೂ ಇದೇ ಲೆಕ್ಕ. ಉಳಿದ ಸಾಧ್ಯತೆಗಳನ್ನು ಪ್ರತಿ ಸಲ ಅರ್ಧಕ್ಕಿಳಿಸುವ ಹತ್ತು ‘ಹೌದು-ಅಲ್ಲ’ ಉತ್ತರ ಸಿಕ್ಕರೆ ಸಾವಿರದಲ್ಲಿ ಒಂದನ್ನು ಹಿಡಿಯಬಹುದು. ಸಹಾಯ ಕೇಳಿದವರಿಗೆ ಉತ್ತರ ಹೇಳಬೇಡಿ, ಅರ್ಧ ಕತ್ತರಿಸಿ ಕೊಡಿ.

ಅಂಕಿಗಿಂತ ರುಚಿಯಾದ ಸುಳಿವು ಬಾದಾಮಿಯ ಮೊದಲ ಗುಹೆಯಲ್ಲಿದೆ. ಎಲ್ಲರೂ ಹದಿನೆಂಟು ಕೈಗಳ ನಟರಾಜನ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಅಲ್ಲೇ ಬಾಗಿಲ ಬದಿಯ ದ್ವಾರಪಾಲನ ಕೆಳಗೆ ಎರಡು ಪ್ರಾಣಿಗಳಿಗೆ ಒಂದೇ ತಲೆ ಕೆತ್ತಿದ್ದಾರೆ. ಒಂದು ಬದಿ ಅಂಗೈಯಿಂದ ಮರೆಮಾಡಿದರೆ ಆನೆ, ಇನ್ನೊಂದು ಬದಿ ಮರೆಮಾಡಿದರೆ ಎತ್ತು. ಎರಡನ್ನೂ ಒಟ್ಟಿಗೆ ನೋಡಲು ಹೋದರೆ ಮಿದುಳು ಒಪ್ಪುವುದಿಲ್ಲ. ಅದೇ ಗೆರೆ ಈಗ ಆನೆಯದು, ಮರುಗಳಿಗೆಗೆ ಎತ್ತಿನದು. ಮನೋವಿಜ್ಞಾನದ ಪುಸ್ತಕಗಳು ಇದಕ್ಕೆ ಬಾತುಕೋಳಿ-ಮೊಲದ ಚಿತ್ರವನ್ನು ಕೊಡುತ್ತವೆ. 1892ರಲ್ಲಿ ಜರ್ಮನಿಯ ನಗೆಪತ್ರಿಕೆಯೊಂದರಲ್ಲಿ ಬಂದದ್ದು ಅದು, ಚಾಲುಕ್ಯರ ಶಿಲ್ಪಿ ಅದಕ್ಕಿಂತ ಸಾವಿರದ ಮುನ್ನೂರು ವರ್ಷ ಮುಂದಿದ್ದ. ‘ಒಂದು ತಲೆ, ಎಂಟು ಕಾಲು, ಜಗಳವಿಲ್ಲ’ ಎಂದು ಚೀಟಿಯಲ್ಲಿ ಬರೆದರೆ ತಂಡ ಅಲೆದಾಡೀತು, ಆಮೇಲೆ ಒಮ್ಮೆಗೇ ಹೊಳೆದೀತು. ಹೀಗೆ ಥಟ್ಟನೆ ಹೊಳೆಯುವ ಕ್ಷಣದಲ್ಲಿ ಮಿದುಳಿನ ಬಲಭಾಗದಲ್ಲಿ, ಕಿವಿಯ ಮೇಲ್ಭಾಗದ ಹತ್ತಿರ, ವಿದ್ಯುತ್ ಚಟುವಟಿಕೆ ಇದ್ದಕ್ಕಿದ್ದಂತೆ ಏರುವುದನ್ನು ಮಾರ್ಕ್ ಬೀಮನ್, ಜಾನ್ ಕೂನಿಯೋಸ್ ಮೊದಲಾದವರು 2004ರಲ್ಲಿ ತೋರಿಸಿದರು. ಹಾಗೆ ತಾವೇ ಕಂಡುಕೊಂಡದ್ದು ಹೇಳಿಸಿಕೊಂಡದ್ದಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಗುಹೆ, ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಚೀಟಿ ಅಂಟಿಸುವುದು, ಸೀಮೆಸುಣ್ಣದಿಂದ ಬಾಣ ಗುರುತು ಬರೆಯುವುದು, ಕಂಬದ ಸಂದಿಯಲ್ಲಿ ಏನಾದರೂ ಬಚ್ಚಿಡುವುದು ಬೇಡವೇ ಬೇಡ. ನೋಡಿ ಉತ್ತರ ಬರೆದುಕೊಂಡು ಬರುವ ಸುಳಿವಷ್ಟೇ ಇರಲಿ, ಓಟವೆಲ್ಲ ಹೊರಗೆ. ಬಾದಾಮಿಯ ಮಂಗಗಳನ್ನೂ ಮರೆಯಬೇಡಿ. ಕೈಯಲ್ಲಿ ಶೇಂಗಾ ಉಂಡಿಯ ಪೊಟ್ಟಣ ಹಿಡಿದು ಹೊರಟ ತಂಡ ಓಟ ಸೋತಂತೆಯೇ.

ಇಳಕಲ್ಲಿನಲ್ಲಿ ಆಟ ಇಟ್ಟುಕೊಂಡರೆ ನಾನು ಸೂಚಿಸುವ ಸವಾಲು ಕಸೂತಿಯದು. ಇಳಕಲ್ ಸೀರೆಯ ಮೇಲೆ ಹಾಕುವ ಗೋಪುರ, ತೇರು, ತುಳಸಿಕಟ್ಟೆಯ ಗೆರೆಚಿತ್ರ ಕೊಟ್ಟು, ಪೆನ್ಸಿಲ್ ಎತ್ತದೆ, ಗೆರೆಯ ಮೇಲೆ ಮರುಗೆರೆ ಎಳೆಯದೆ ಬರೆಯಲು ಹೇಳಿ. ಕೆಲವು ಚಿತ್ರ ಆಗುತ್ತವೆ, ಕೆಲವು ಏನು ಮಾಡಿದರೂ ಆಗುವುದಿಲ್ಲ. ಯಾವುದು ಆಗದೆಂದು ಮೊದಲು ಹೇಳಿದವರಿಗೆ ಅಂಕ. ಇದರ ಗುಟ್ಟನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರ ಹೊತ್ತಿಗೆ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಒಗಟಿನಿಂದ ಹೊರತೆಗೆದ. ಗೆರೆಗಳು ಕೂಡುವ ಒಂದೊಂದು ಬಿಂದುವಿನಲ್ಲೂ ಎಷ್ಟು ಗೆರೆ ಸೇರಿವೆ ಎಣಿಸಿ. ಬೆಸ ಸಂಖ್ಯೆಯ ಬಿಂದುಗಳು ಒಂದೂ ಇಲ್ಲದಿದ್ದರೆ ಅಥವಾ ಎರಡೇ ಇದ್ದರೆ ಚಿತ್ರ ಆಗುತ್ತದೆ, ಹೆಚ್ಚಿದ್ದರೆ ಆಗದು. ಬಿಂದುವಿಗೆ ಬಂದ ಮೇಲೆ ಹೊರಡಲೂ ಒಂದು ಗೆರೆ ಬೇಕಲ್ಲ, ಅಷ್ಟೇ ತರ್ಕ.

ಗವಂತಿ ಹೊಲಿಗೆ ಬಲ್ಲ ಹೆಣ್ಣುಮಗಳಿಗೆ ಈ ತೊಡಕೇ ಇಲ್ಲ. ಅವಳ ಸೂಜಿ ಗೆರೆಯುದ್ದಕ್ಕೂ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗುತ್ತದೆ, ಮರಳುವಾಗ ಬಿಟ್ಟ ಜಾಗ ತುಂಬುತ್ತ ಬಂದು ಹೊರಟಲ್ಲೇ ಸೇರುತ್ತದೆ. ಒಂದೊಂದು ಗೆರೆಯನ್ನೂ ಎರಡು ಸಲ ಹಾಯುವುದರಿಂದ ಎಲ್ಲ ಬಿಂದುಗಳೂ ಸಮವಾಗಿಬಿಡುತ್ತವೆ, ಬಿಡಿಯಾಗದ ಯಾವ ಚಿತ್ರವನ್ನಾದರೂ ಗಂಟಿಲ್ಲದೆ ಮುಗಿಸಬಹುದು. ಈ ಠಿಕಾಣಿಯಲ್ಲಿ ಎಂಜಿನಿಯರಿಂಗ್ ಹುಡುಗರಿಗಿಂತ ಅವರ ಅವ್ವಂದಿರು ಮೊದಲು ದಾಟುತ್ತಾರೆ ಎಂಬುದಕ್ಕೆ ನಾನು ಪಣ ಕಟ್ಟಲು ತಯಾರು.

ತಂಡಗಳ ಸರದಿ ಹೊಂದಿಸುವುದರಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲರನ್ನೂ ಒಂದೇ ಠಿಕಾಣಿಗೆ ಬಿಟ್ಟರೆ ಅದು ಜಾತ್ರೆ. ನಾಲ್ಕು ತಂಡ, ನಾಲ್ಕು ಠಿಕಾಣಿ ಇದ್ದರೆ ಒಂದೊಂದನ್ನು ಒಂದೊಂದು ಕಡೆಯಿಂದ ಬಿಟ್ಟು 1-2-3-4 ಎಂದು ಸುತ್ತಿಸಬಹುದು. ಆಗ ಎರಡನೆಯ ತಂಡ ನಿಧಾನವಾದರೆ ಅದರ ಹಿಂದಿನ ತಂಡ ಕೊನೆಯವರೆಗೂ ಅದೇ ಬಾಲ ಹಿಡಿದು ಕಾಯಬೇಕು. ಆಸ್ಟ್ರೇಲಿಯದ ಸಂಖ್ಯಾಶಾಸ್ತ್ರಜ್ಞ ಇ. ಜೆ. ವಿಲಿಯಮ್ಸ್ 1949ರಲ್ಲಿ, ಆಟಕ್ಕಲ್ಲ, ಪ್ರಯೋಗಗಳ ಯೋಜನೆಗೆ ಎಂದು ಇದಕ್ಕೆ ಪರಿಹಾರ ಕೊಟ್ಟ. ಮೊದಲ ತಂಡಕ್ಕೆ 1-2-4-3, ಎರಡನೆಯದಕ್ಕೆ 2-3-1-4, ಮೂರನೆಯದಕ್ಕೆ 3-4-2-1, ನಾಲ್ಕನೆಯದಕ್ಕೆ 4-1-3-2. ಬೆರಳಿಟ್ಟು ನೋಡಿ: ಯಾವ ಹೊತ್ತಿನಲ್ಲೂ ಇಬ್ಬರು ಒಂದೇ ಕಡೆ ಇಲ್ಲ, ಯಾವ ಎರಡು ತಂಡಕ್ಕೂ ಒಂದೇ ನಡೆ ಇಲ್ಲ, ಪ್ರತಿ ತಂಡವೂ ಉಳಿದ ಮೂರರ ಹಿಂದೆ ಒಂದೊಂದೇ ಸಲ ಬರುತ್ತದೆ. ಕದ್ದು ಕೇಳಿದ ಸುಳಿವು ಉಪಯೋಗಕ್ಕೆ ಬರುವುದೂ ತಪ್ಪುತ್ತದೆ. ಬೆಲೆಯೆಂದರೆ ನೀವು ನಾಲ್ಕರ ಬದಲು ಹನ್ನೆರಡು ಚೀಟಿ ಬರೆಯಬೇಕು.

ಹುಚ್ಚು ಸವಾಲುಗಳು ಹುಚ್ಚಾಗಿಯೇ ಇರಲಿ. ಗಂಡಸರು ಹೆಂಡತಿಯ ಹೆಸರು ಸೇರಿಸಿ ಒಡಪು ಕಟ್ಟಿ ಹೇಳಬೇಕು ಎಂದಿಟ್ಟು ನೋಡಿ. ಹೆಂಗಸರು ಮದುವೆ, ಸೀಮಂತದಲ್ಲಿ ತಲೆತಲಾಂತರದಿಂದ ಮಾಡಿದ ಕೆಲಸಕ್ಕೆ ಇವರ ಹಣೆ ಬೆವರುತ್ತದೆ. ಮನುಷ್ಯ ಒಬ್ಬನೇ ಇದ್ದಾಗಿನದಕ್ಕಿಂತ ಜನರ ನಡುವೆ ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತಾನೆಂದು ಅಮೆರಿಕದ ರಾಬರ್ಟ್ ಪ್ರೊವೈನ್ ದಾಖಲಿಸಿದ್ದ. ಆಕ್ಸ್‌ಫರ್ಡಿನ ರಾಬಿನ್ ಡನ್ಬರ್ ತಂಡ 2012ರಲ್ಲಿ, ಹೊಟ್ಟೆ ಹುಣ್ಣಾಗುವಂತೆ ನಕ್ಕವರು ನೋವನ್ನು ಹೆಚ್ಚು ಹೊತ್ತು ತಾಳುವುದನ್ನು ಕಂಡಿತು. ನಗುವಾಗಿನ ಉಸಿರಿನ ಶ್ರಮದಿಂದ ಎಂಡಾರ್ಫಿನ್ ಸ್ರವಿಸುತ್ತದೆ ಎಂಬುದು ಅವರ ವಿವರಣೆ.

ಆದರೂ ಜಿದ್ದು ಕೈಮೀರಬಹುದು. 1954ರಲ್ಲಿ ಮನೋವಿಜ್ಞಾನಿ ಮುಜಫರ್ ಷರೀಫ್ ಅಮೆರಿಕದ ಓಕ್ಲಹೋಮದ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಹಗ್ಗ ಜಗ್ಗಾಟ, ಚೆಂಡಾಟ ಇಟ್ಟ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಸಂಶೋಧಕರೇ ಬೆಂಕಿಗೆ ಗಾಳಿ ಹಾಕಿದರೆಂಬ ಟೀಕೆ ಆಮೇಲೆ ಬಂತು, ಅದರಲ್ಲಿ ಹುರುಳೂ ಇದೆ. ಒಟ್ಟಿಗೆ ಕೂರಿಸಿ ಊಟ ಹಾಕಿದಾಗ ಅನ್ನವನ್ನೇ ಎರಚಾಡಿದ ಆ ಹುಡುಗರು ತಣ್ಣಗಾದದ್ದು, ನೀರಿನ ತೊಟ್ಟಿ ಕೆಟ್ಟಾಗ, ಊಟ ತರಬೇಕಿದ್ದ ಟ್ರಕ್ಕು ನಿಂತುಹೋದಾಗ. ಹಗ್ಗ ಜಗ್ಗಾಟದ ಅದೇ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎರಡೂ ಗುಂಪು ಒಂದೇ ಕಡೆ ನಿಂತು ಎಳೆದವು. ಹಾಗಾಗಿ ಕೊನೆಯ ಪೆಟ್ಟಿಗೆಗೆ ನಾಲ್ಕಂಕಿಯ ಬೀಗ ಹಾಕಿ, ಒಂದೊಂದು ತಂಡಕ್ಕೆ ಒಂದೊಂದೇ ಅಂಕಿ ಸಿಗುವಂತೆ ಮಾಡಿ. ಮೊದಲು ಬಂದವರಿಗೆ ಅಂಕವೇನೋ ಹೆಚ್ಚು ಕೊಡಿ. ಬಹುಮಾನದ ಉಂಡಿ ಮಾತ್ರ ಪೆಟ್ಟಿಗೆಯೊಳಗಿರುತ್ತದೆ, ಕೊನೆಯ ತಂಡ ಬಂದು ತನ್ನ ಅಂಕಿ ಹೇಳುವವರೆಗೆ ಗೆದ್ದವರೂ ಬೀಗ ಮುಟ್ಟದೆ ಕಾಯಬೇಕು. ಬಿಸಿಲಿಗೆ ಕಾದು ಕಾದು ಅವರೇ ಎದ್ದು ಹೋಗಿ ಸೋಲುತ್ತಿರುವ ತಂಡದ ಒಗಟು ಬಿಡಿಸಿಕೊಟ್ಟಾರು. ನಿಯಮಪುಸ್ತಕದಲ್ಲಿ ಅದನ್ನು ನಿಷೇಧಿಸಬೇಡಿ.