ಮಾತ್ರೆಯ ಅಳತೆ ಮತ್ತು ಮೂತ್ರಪಿಂಡ

ಗುಳಿಗೆಯನ್ನು ನಾವು ಮಾತ್ರೆ ಎನ್ನುತ್ತೇವೆ. ಛಂದಸ್ಸಿನ ಪಾಠದಲ್ಲಿಯೂ ಅದೇ ಮಾತು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡೆಡೆಯೂ ಮೂಲದ ಅರ್ಥ ಅಳತೆ ಎಂದೇ. ಔಷಧದ ವಿಷಯದಲ್ಲಿ ಆ ಅಳತೆಯನ್ನು ವೈದ್ಯರು ಬರೆದುಕೊಡುತ್ತಾರೆಂದು ನಾವು ತಿಳಿದಿದ್ದೇವೆ, ಅದು ನಿಜ. ಆದರೆ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಅಡಗಿರುವ ಮೂತ್ರಪಿಂಡಗಳಿಗೂ ಅದರಲ್ಲಿ ಪಾಲುಂಟು. ಆಸ್ಪತ್ರೆಯಲ್ಲಿ ಮನೆಯವರ ಮಂಚದ ಬಳಿ ಕುಳಿತಿರಬೇಕಾಗಿ ಬಂದವರು ಇದನ್ನು ಸ್ವಲ್ಪ ತಿಳಿದಿದ್ದರೆ ಉಪಯೋಗವಾದೀತು.

ಮೂತ್ರಪಿಂಡಗಳ ಕೆಲಸವನ್ನು ಅಂಕಿಯಲ್ಲಿ ಹೇಳಿದರೆ ನಂಬುವುದೇ ಕಷ್ಟ. ಆರೋಗ್ಯವಂತನಲ್ಲಿ ಅವು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದುದನ್ನೆಲ್ಲ ಹಿಂದಕ್ಕೆ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ನಾವು ನುಂಗಿದ ಅನೇಕ ಔಷಧಗಳು ತಮ್ಮ ಕೆಲಸ ತೀರಿಸಿ ಹೊರಟುಹೋಗುವುದೂ ಈ ದಾರಿಯಲ್ಲಿಯೇ. ನಮ್ಮ ಹಲಗೂರು, ಮಳವಳ್ಳಿ ಕಡೆಯ ಒಂದು ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ. ಕಾಲುವೆಯಿಂದ ದಿನವೂ ಇಷ್ಟು ನೀರು ಬರುತ್ತದೆ, ತೂಬಿನಿಂದ ಅಷ್ಟೇ ನೀರು ಗದ್ದೆಗೆ ಹೋಗುತ್ತದೆ. ಮಟ್ಟ ಒಂದೇ ಸಮನೆ ನಿಂತಿರುತ್ತದೆ. ತೂಬಿಗೆ ಹೂಳು ತುಂಬಿತೆನ್ನಿ. ಕಾಲುವೆಯಲ್ಲಿ ಒಂದು ಬೊಗಸೆ ನೀರು ಹೆಚ್ಚದಿದ್ದರೂ ಕೆರೆ ಏರುತ್ತ ಏರುತ್ತ ಏರಿಯನ್ನು ಮುಟ್ಟುತ್ತದೆ. ಸರಿಯಾದ ಮಾತ್ರೆಯೇ, ಸರಿಯಾದ ಹೊತ್ತಿಗೆ ಕೊಟ್ಟದ್ದೇ, ಕೆಲವು ದಿನಗಳಲ್ಲಿ ಮಿತಿಮೀರಿ ಕೂಡಿಕೊಳ್ಳುವುದು ಹೀಗೆ.

ಹೃದ್ರೋಗಕ್ಕೆ ಕೊಡುವ ಡೈಜಾಕ್ಸಿನ್ ಇದಕ್ಕೆ ಹಳೆಯ ಉದಾಹರಣೆ. ಮೂತ್ರಪಿಂಡ ಚೆನ್ನಾಗಿದ್ದವನ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಒಂದೂವರೆಯಿಂದ ಎರಡು ದಿನ ಸಾಕು. ಮೂತ್ರಪಿಂಡ ಕೆಲಸ ನಿಲ್ಲಿಸಿದವನಲ್ಲಿ ಮೂರೂವರೆಯಿಂದ ಐದು ದಿನ ಬೇಕು. ಅಂಥವನಿಗೆ ಮಾಮೂಲಿನಂತೆ ಕೊಡುತ್ತ ಹೋದರೆ ಮೊದಲು ಊಟ ಸೇರದು, ಓಕರಿಕೆ ಬರುವುದು, ಕಂಡದ್ದೆಲ್ಲ ಹಳದಿಯಾಗಿ ತೋರಬಹುದು. ಆಮೇಲೆ ಎದೆಯ ಬಡಿತವೇ ತಾಳ ತಪ್ಪುವುದು. ಓಕರಿಕೆಯನ್ನು ಮನೆಯವರು ಪಿತ್ತವೆಂದುಕೊಂಡು ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಾರೆ.

ಹಾಗಾದರೆ ತೂಬು ಎಷ್ಟು ತೆರೆದಿದೆ ಎಂದು ತಿಳಿಯುವುದು ಹೇಗೆ? ನಮ್ಮ ಮಾಂಸಖಂಡಗಳಲ್ಲಿ ದಿನವೂ ಕ್ರಿಯಾಟಿನಿನ್ ಎಂಬ ಕಸ ಹುಟ್ಟುತ್ತದೆ. ಅದನ್ನು ಹೊರಹಾಕುವುದು ಮೂತ್ರಪಿಂಡ. ರಕ್ತದಲ್ಲಿ ಅದು ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡುತ್ತಾರೆ. ಆದರೆ ಆ ಒಂದು ಅಂಕಿಯನ್ನೇ ನಂಬಿದರೆ ಮೋಸವಾದೀತು. ಮಾಂಸ ಕರಗಿ ಬಡಕಲಾದ ವೃದ್ಧರಲ್ಲಿ ಕಸ ಹುಟ್ಟುವುದೇ ಕಡಿಮೆ. ಆದ್ದರಿಂದ ಮೂತ್ರಪಿಂಡ ಸೋತಿದ್ದರೂ ಅಂಕಿ ಸಾಧುವಾಗಿಯೇ ಕಾಣುತ್ತದೆ. ಇದನ್ನು ಸರಿಪಡಿಸಲು ಕೆನಡಾ ದೇಶದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರಿಬ್ಬರು 1976ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. 140ರಿಂದ ವಯಸ್ಸನ್ನು ಕಳೆಯಬೇಕು. ಉಳಿದುದನ್ನು ಕಿಲೋಗ್ರಾಂ ತೂಕದಿಂದ ಗುಣಿಸಬೇಕು. ಬಂದುದನ್ನು ಕ್ರಿಯಾಟಿನಿನ್ನಿನ 72ರಷ್ಟರಿಂದ ಭಾಗಿಸಬೇಕು. ಹೆಂಗಸರಾದರೆ ಮತ್ತೆ 0.85ರಿಂದ ಗುಣಿಸಬೇಕು. ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ.

ಮಾಡಿಯೇ ನೋಡೋಣ. ಮೂವತ್ತು ವರ್ಷದ, 70 ಕಿಲೋ ತೂಕದ ಗಂಡಸು, ಕ್ರಿಯಾಟಿನಿನ್ 1.2. ಸೂತ್ರದಿಂದ ನಿಮಿಷಕ್ಕೆ 89 ಮಿಲಿಲೀಟರು ಎಂದು ಬರುತ್ತದೆ; ಚಿಂತೆಯಿಲ್ಲ. ಎಪ್ಪತ್ತೈದು ವರ್ಷದ, 45 ಕಿಲೋ ತೂಕದ ಅಜ್ಜಿ. ಆಕೆಗೂ ಅದೇ 1.2. ಬರುವ ಉತ್ತರ 29. ಪ್ರಯೋಗಶಾಲೆಯ ಚೀಟಿಯಲ್ಲಿ ಇಬ್ಬರದೂ ಒಂದೇ ಅಂಕಿ. ಒಳಗಿನ ಶಕ್ತಿ ಮೂರರಲ್ಲಿ ಒಂದು ಪಾಲು! ಈಚೆಗೆ ಚೀಟಿಯಲ್ಲಿಯೇ ಇ.ಜಿ.ಎಫ್.ಆರ್. ಎಂದು ಇನ್ನೊಂದು ಅಂಕಿಯನ್ನೂ ಅಚ್ಚುಹಾಕುತ್ತಾರೆ. ಅದು ಬೇರೆ ಸೂತ್ರದ ಫಲವಾದ್ದರಿಂದ ಈ ಲೆಕ್ಕಕ್ಕೆ ಹೊಂದದಿರಬಹುದು. ಸಣ್ಣ ಮೈಯವರಲ್ಲಿ ಅಂತರ ಹೆಚ್ಚು. ಔಷಧಗಳ ಪ್ರಮಾಣಪಟ್ಟಿಗಳು ಬಹುಮಟ್ಟಿಗೆ ಹಳೆಯ ಸೂತ್ರವನ್ನೇ ಆಧರಿಸಿವೆ. ಯಾವುದನ್ನು ಹಿಡಿಯಬೇಕೆಂಬುದು ವೈದ್ಯರಿಗೆ ಬಿಟ್ಟದ್ದು.

ಈ ಲೆಕ್ಕದಲ್ಲಿ ಮನೆಯವರ ಪಾತ್ರವೇನು? ವಯಸ್ಸು ಮತ್ತು ತೂಕ. ಮಲಗಿದ ರೋಗಿಯನ್ನು ತೂಗುವುದು ಕಷ್ಟವೆಂದು ಅನೇಕ ವೇಳೆ ಅಂದಾಜಿನ ಮೇಲೆ ಬರೆಸಿಬಿಡುತ್ತೇವೆ. ಮೇಲಿನ ಅಜ್ಜಿಯ ತೂಕವನ್ನು 45ರ ಬದಲು 55 ಎಂದು ಬರೆಸಿದರೆ ಉತ್ತರ 29ರಿಂದ 35ಕ್ಕೆ ಹಾರುತ್ತದೆ. ಆರು ಅಂಕಿಯ ವ್ಯತ್ಯಾಸ ತಾನೆ ಎನ್ನಬೇಡಿ. ರಕ್ತ ಹೆಪ್ಪುಗಟ್ಟಿದವರಿಗೆ ಎನಾಕ್ಸಪರಿನ್ ಎಂಬ ಚುಚ್ಚುಮದ್ದು ಕೊಡುತ್ತಾರೆ. 30ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಕೆಳಗಿದ್ದರೆ ಒಂದೇ ಸಲ. ಗೆರೆಯ ಆಚೆ ಈಚೆ ಆದರೆ ಮೈಯೊಳಗೆ ರಕ್ತಸ್ರಾವದ ಭಯವುಂಟು. ಇನ್ನು ವಯಸ್ಸು. ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನ ಶಾಲೆಗೆ ಸೇರಿಸಿದ ಮೇಷ್ಟರು ದಾಖಲೆಯ ಪುಸ್ತಕದಲ್ಲಿ ಬರೆದುಕೊಂಡದ್ದು. ಹುಡುಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿದನೆಂದರೆ ವಯಸ್ಸು ಆಯಿತೆಂದೇ ಲೆಕ್ಕ. ಗುರುತಿನ ಚೀಟಿಯ ವಯಸ್ಸಿಗಿಂತ ಅಜ್ಜಿ ಐದು ವರ್ಷ ಹಿರಿಯಳೆಂದು ಮನೆಯಲ್ಲಿ ಗೊತ್ತಿದ್ದರೆ ಆ ಮಾತನ್ನು ದಾದಿಯರ ಕಿವಿಗೆ ಹಾಕಿ.

ಮೂತ್ರಪಿಂಡ ಬಲಹೀನವೆಂದು ತಿಳಿದ ಮೇಲೆ ವೈದ್ಯರಿಗೆ ಎರಡು ದಾರಿಗಳುಂಟು: ಒಂದೊಂದು ಸಲದ ಅಳತೆಯನ್ನು ತಗ್ಗಿಸುವುದು, ಇಲ್ಲವೆ ಎರಡು ಸಲಗಳ ನಡುವಣ ಬಿಡುವನ್ನು ಹಿಗ್ಗಿಸುವುದು. ಲೀವೊಫ್ಲಾಕ್ಸಸಿನ್ ಎಂಬ ಜೀವಿರೋಧಕದ 750 ಮಿಲಿಗ್ರಾಂ ಮಾತ್ರೆಯನ್ನು ಸಾಮಾನ್ಯರಿಗೆ 24 ಗಂಟೆಗೊಮ್ಮೆ ಕೊಟ್ಟರೆ, ಲೆಕ್ಕ 20ರಿಂದ 49ರ ಒಳಗೆ ಬಂದವರಿಗೆ ಅದನ್ನೇ 48 ಗಂಟೆಗೊಮ್ಮೆ ಕೊಡುತ್ತಾರೆ. ಒಂದು ದಿನ ಮಾತ್ರೆ ಬರಲಿಲ್ಲವೆಂದು ದಾದಿಯ ಮೇಲೆ ರೇಗುವ ಬಂಧುಗಳಿಗೆ ಇದು ತಿಳಿದಿರಲಿ. ಮೊದಲ ಸಲದ ಅಳತೆಯನ್ನು ಮಾತ್ರ ಸಾಮಾನ್ಯವಾಗಿ ತಗ್ಗಿಸುವುದಿಲ್ಲ. ಬರಿದಾದ ಕೆರೆ ಮೊದಲು ತುಂಬಲೇಬೇಕಲ್ಲ. ತೂಬಿನ ಮಾತು ಆಮೇಲಿನದು. ನಂಜೇರಿದ ರೋಗಿಗೆ ಮೊದಲ ದಿನವೇ ಕೈ ಬಿಗಿಹಿಡಿದರೆ ಔಷಧ ಸಾಲದೆ ಜೀವಕ್ಕೇ ಅಪಾಯ.

ಕೆಲವು ಔಷಧಗಳು ಕೂಡಿಕೊಂಡರೆ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಜೆಂಟಾಮೈಸಿನ್ ಆ ಜಾತಿಯದು; ಅದೇ ಕುಲದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತು, ಕ್ಷಯರೋಗಿಗಳ ಪಾಲಿಗೆ ಅಮೃತವೆನಿಸಿತ್ತು; ಆದರೆ ಅಳತೆ ಮೀರಿದಾಗ ಕಿವಿಯನ್ನು ಕೆಡಿಸಿ, ತಲೆ ತಿರುಗಿಸುವ ಗುಣ ಅದಕ್ಕಿತ್ತು. ಹೀಗೆಂದು ಎಲ್ಲ ಔಷಧವನ್ನೂ ಅರ್ಧಕ್ಕೆ ಮುರಿದು ಕೊಡುವುದು ಮೂರ್ಖತನ. ರಕ್ತದೊತ್ತಡದ ಆಮ್ಲೋಡಿಪಿನ್, ಜೀವಿರೋಧಕಗಳಲ್ಲಿ ಡಾಕ್ಸಿಸೈಕ್ಲಿನ್ ಮುಂತಾದವುಗಳಿಗೆ ಮೂತ್ರಪಿಂಡಕ್ಕಾಗಿ ಅಳತೆ ಬದಲಿಸಬೇಕಾಗಿಲ್ಲ.

ಮಧುಮೇಹಿಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಇನ್ಸುಲಿನ್ನಿನ ಒಂದು ಪಾಲು ಕರಗುವುದು ಮೂತ್ರಪಿಂಡದಲ್ಲಿ. ಅದು ಸೋತಾಗ ಹಳೆಯ ಅಳತೆಯ ಇನ್ಸುಲಿನ್ನೇ ಹೆಚ್ಚು ಹೊತ್ತು ನಿಂತು ಸಕ್ಕರೆಯನ್ನು ಕೆಳಕ್ಕೆ ಎಳೆಯುತ್ತದೆ. ಹತ್ತಾರು ವರ್ಷ ಏರಿದ್ದ ಸಕ್ಕರೆ ತಾನಾಗಿ ಇಳಿಯಿತೆಂದು ಮನೆಯಲ್ಲಿ ಸಂತೋಷಪಡುತ್ತಾರೆ. ಕಷಾಯದ ಗುಣವೆಂದು ನೆರೆಯವರಿಗೂ ಹೇಳುತ್ತಾರೆ. ಅದು ಗುಣವಲ್ಲ, ಎಚ್ಚರಿಕೆಯ ಗಂಟೆಯಾಗಿರಬಹುದು. ಗ್ಲಿಬೆನ್‌ಕ್ಲಮೈಡ್ ಮಾತ್ರೆಯಲ್ಲಿಯೂ ಈ ಭಯವುಂಟು. ಬೆಳಗಿನ ಜಾವದಲ್ಲಿ ಬೆವರಿ ಪ್ರಜ್ಞೆ ತಪ್ಪುವುದುಂಟು. ಮೆಟ್‌ಫಾರ್ಮಿನ್ನನ್ನಂತೂ ಇ.ಜಿ.ಎಫ್.ಆರ್. 30ಕ್ಕಿಂತ ಕೆಳಗಿಳಿದರೆ ನಿಲ್ಲಿಸಿಯೇಬಿಡುತ್ತಾರೆ.

ಹಲಗೂರಿನಿಂದ ರೋಗಿಯನ್ನು ಕರೆದುಕೊಂಡು ಹೊರಟವರು ಮೊದಲು ಮಳವಳ್ಳಿಗೆ ಹೋಗುತ್ತಾರೆ. ಅಲ್ಲಿಂದ ಮಂಡ್ಯಕ್ಕೋ ಮೈಸೂರಿಗೋ ಕಳುಹಿಸುತ್ತಾರೆ. ಕೆಲವರು ನೇರವಾಗಿ ಕನಕಪುರದ ಮೇಲೆ ಬೆಂಗಳೂರಿಗೆ ಹೋಗಿ ವಿಕ್ಟೋರಿಯಾ ಆವರಣದ ಸರ್ಕಾರಿ ಮೂತ್ರಪಿಂಡ ಸಂಸ್ಥೆಯನ್ನು ಸೇರುತ್ತಾರೆ. ಒಂದೊಂದು ಕಡೆಯೂ ಹೊಸ ಚೀಟಿ. ಹಳೆಯ ಚೀಟಿ ಮನೆಯ ಗೂಡಿನಲ್ಲಿ ಉಳಿದಿರುತ್ತದೆ. ಆರು ತಿಂಗಳ ಹಿಂದೆ ಕ್ರಿಯಾಟಿನಿನ್ ಎಷ್ಟಿತ್ತೆಂಬುದು ಗೊತ್ತಾದರೆ ಈಗಿನದು ಹಳೆಯ ಸೋಲೋ ಹೊಸ ಪೆಟ್ಟೋ ಎಂದು ವೈದ್ಯರು ಬೇಗ ನಿರ್ಣಯಿಸಬಲ್ಲರು. ಹೊಸ ಪೆಟ್ಟಾದರೆ ಅಂಕಿ ಏರಲು ಒಂದೆರಡು ದಿನ ಹಿಡಿಯುವುದರಿಂದ ಮೊದಲ ದಿನದ ಲೆಕ್ಕವನ್ನು ಅವರೂ ಪೂರ್ತಿಯಾಗಿ ನಂಬುವುದಿಲ್ಲ. ಮೂತ್ರವನ್ನು ಅಳೆದು ಬರೆಯಿರಿ ಎನ್ನುವುದು ಅದಕ್ಕೇ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಡೈಕ್ಲೊಫೆನಾಕ್, ನಾಟಿ ವೈದ್ಯರ ಪುಡಿ, ಎಲ್ಲವನ್ನೂ ಸಂಕೋಚವಿಲ್ಲದೆ ಹೇಳಿ. ರೋಗಿಯನ್ನು ನೋಡಲು ಬರುವವರು ಮದ್ದೂರಿನಲ್ಲಿ ಇಳಿದು ಎಳನೀರು ತರುವುದು ನಮ್ಮ ಜಿಲ್ಲೆಯ ವಾಡಿಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಎನಲಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದವುಗಳನ್ನು ತೆಗೆದುಕೊಳ್ಳುತ್ತಿರುವ ಮೂತ್ರಪಿಂಡದ ರೋಗಿಗೆ ಅದನ್ನು ಕೇಳದೆ ಕುಡಿಸಬಾರದು.

ದೊಡ್ಡ ಆಸ್ಪತ್ರೆಗಳಲ್ಲಿ ಈ ಅಳತೆಗಳನ್ನು ನೋಡಿಕೊಳ್ಳಲೆಂದೇ ಔಷಧ ಪರಿಣತರು ವಾರ್ಡಿಗೆ ಬರುತ್ತಾರೆ, ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ ಈ ಪದ್ಧತಿ 1990ರ ದಶಕದಷ್ಟು ಹಿಂದಿನದು. ನಮ್ಮ ದೇಶದಲ್ಲಿ ಇದಕ್ಕಾಗಿ ಫಾರ್ಮ್.ಡಿ. ಎಂಬ ವ್ಯಾಸಂಗ 2008ರಲ್ಲಿ ಆರಂಭವಾಯಿತು. ಅವರು ಬಂದಾಗ ಪ್ರಶ್ನೆ ಕೇಳಲು ಹಿಂಜರಿಯಬೇಡಿ. ಡಯಾಲಿಸಿಸ್ ನಡೆಯುತ್ತಿದ್ದರೆ, ಆ ದಿನದ ಮಾತ್ರೆಗಳಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕೊಡಬೇಕೆಂದು ಬರೆಸಿಕೊಳ್ಳಿ. ಕೆಲವನ್ನು ಯಂತ್ರವೇ ತೊಳೆದುಬಿಡುತ್ತದೆ. ಗುಣವಾಗಿ ಮನೆಗೆ ಹೊರಡುವ ದಿನವೂ ಒಂದು ಮಾತು ಕೇಳಿ: ಮೂತ್ರಪಿಂಡ ಸುಧಾರಿಸಿದ್ದರೆ ತಗ್ಗಿಸಿದ್ದ ಅಳತೆಗಳನ್ನು ಮತ್ತೆ ಏರಿಸಬೇಕೇ, ಮುಂದಿನ ರಕ್ತಪರೀಕ್ಷೆ ಯಾವ ದಿನ, ಅದನ್ನು ಮಳವಳ್ಳಿಯಲ್ಲಿಯೇ ಮಾಡಿಸಬಹುದೇ ಎಂದು.