ಡ್ರಾಫ್ಟ್ ಕಾರ್ಡಿಗೆ ಬೆಂಕಿ: ಮುಕ್ತ ಮಾರುಕಟ್ಟೆಯ ಹುಡುಗರು ಬಲಪಂಥದಿಂದ ಸಿಡಿದದ್ದೇಕೆ?

1969ರ ಆಗಸ್ಟ್ ಕೊನೆಯ ವಾರ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿದ್ಯಾರ್ಥಿ ಸಂಘಟನೆಯೊಂದರ ರಾಷ್ಟ್ರೀಯ ಸಮಾವೇಶ ನಡೆದಿತ್ತು. ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ನೆರೆದಿದ್ದ ಸಭಾಂಗಣದಲ್ಲಿ ಯುವಕನೊಬ್ಬ ಡ್ರಾಫ್ಟ್ ಕಾರ್ಡಿಗೆ ಬೆಂಕಿ ಹಚ್ಚಿ ಎತ್ತಿ ಹಿಡಿದ. ಮರುಕ್ಷಣವೇ ಪ್ರತಿನಿಧಿಗಳು ಪರಸ್ಪರ ಕೈ ಮಿಲಾಯಿಸಿದರು. ಸುಟ್ಟದ್ದು ಅಸಲು ಕಾರ್ಡ್ ಅಲ್ಲ, ನಕಲು ಎಂದು ನಂತರ ಹೇಳಲಾಯಿತು. ಆದರೆ ಅಷ್ಟರಲ್ಲಿ ಸಂಘಟನೆ ಎರಡು ಹೋಳಾಗಿತ್ತು.

ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ಸೇನಾ ಭರ್ತಿಯ ಕಾರ್ಡ್ ಸುಡುವುದು ಹೊಸ ಸಂಗತಿಯೇನಾಗಿರಲಿಲ್ಲ. 1965ರಿಂದಲೇ ಅದು ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗಿತ್ತು. ಸೇಂಟ್ ಲೂಯಿಸ್ ಘಟನೆಯ ವಿಶೇಷವೆಂದರೆ, ಅಲ್ಲಿ ಸೇರಿದ್ದವರು ಎಡಪಂಥೀಯರಲ್ಲ. ಕಮ್ಯುನಿಸಂನ ಕಡು ವಿರೋಧಿಗಳಾದ, ಮುಕ್ತ ಮಾರುಕಟ್ಟೆಯ ಪ್ರತಿಪಾದಕರಾದ 'ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ' ಸಂಘಟನೆಯ ಸದಸ್ಯರು.

ಈ ಸಂಘಟನೆ ಹುಟ್ಟಿದ್ದು 1960ರ ಸೆಪ್ಟೆಂಬರ್‌ನಲ್ಲಿ, ಕನೆಕ್ಟಿಕಟ್ ರಾಜ್ಯದ ಶರಾನ್ ಎಂಬ ಊರಿನಲ್ಲಿದ್ದ ಪತ್ರಕರ್ತ ವಿಲಿಯಂ ಬಕ್ಲಿ ಅವರ ಕುಟುಂಬದ ಮನೆಯಲ್ಲಿ. ಸ್ಟ್ಯಾಂಟನ್ ಇವಾನ್ಸ್ ಸಿದ್ಧಪಡಿಸಿದ 'ಶರಾನ್ ಹೇಳಿಕೆ'ಯೇ ಅದರ ಪ್ರಣಾಳಿಕೆ. ದೇವರು ಕೊಟ್ಟ ಇಚ್ಛಾಸ್ವಾತಂತ್ರ್ಯ, ಮಾರುಕಟ್ಟೆ ಆರ್ಥಿಕತೆ, ಕಮ್ಯುನಿಸಂ ವಿರುದ್ಧದ ಹೋರಾಟ ಈ ಮೂರನ್ನೂ ಅದು ಒಂದೇ ಹಾಳೆಯಲ್ಲಿ ಹೊಂದಿಸಿಟ್ಟಿತ್ತು. ಶಾಂತಿಕಾಲದಲ್ಲಿ ಈ ಹೊಂದಾಣಿಕೆಗೆ ಅಡ್ಡಿಯೇನೂ ಬರುತ್ತಿರಲಿಲ್ಲ. ವಿಯೆಟ್ನಾಂ ಯುದ್ಧ ಬಂದಾಗ ಪ್ರಶ್ನೆ ಎದ್ದಿತು: ಕಮ್ಯುನಿಸ್ಟರ ವಿರುದ್ಧ ಹೋರಾಡುವ ಸಲುವಾಗಿ ಸರ್ಕಾರ ಒಬ್ಬ ಯುವಕನನ್ನು ಬಲವಂತವಾಗಿ ಸೇನೆಗೆ ಎಳೆದೊಯ್ಯಬಹುದೇ?

ಪ್ರಶ್ನೆ ಬರೀ ತಾತ್ವಿಕವಾಗಿರಲಿಲ್ಲ. 1968ರ ಒಂದೇ ವರ್ಷದಲ್ಲಿ ಸುಮಾರು 2.96 ಲಕ್ಷ ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಳ್ಳಲಾಗಿತ್ತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ತಾತ್ಕಾಲಿಕ ವಿನಾಯಿತಿ ಇತ್ತು. ಪದವಿ ಮುಗಿದೊಡನೆ ಅದೂ ಮುಗಿಯುತ್ತಿತ್ತು.

ಕಡ್ಡಾಯ ಭರ್ತಿ ತಪ್ಪು, ಸೇನೆ ಸ್ವಯಂಪ್ರೇರಿತರದ್ದಾಗಿರಬೇಕು ಎಂಬ ವಿಚಾರದಲ್ಲಿ ಸಂಘಟನೆಯ ಎರಡೂ ಬಣಗಳಿಗೆ ಹೆಚ್ಚಿನ ಭಿನ್ನಾಭಿಪ್ರಾಯ ಇರಲಿಲ್ಲ ಎಂಬುದು ಗಮನಾರ್ಹ. ಜಗಳ ಬಂದದ್ದು ಮುಂದಿನ ಹೆಜ್ಜೆಯಲ್ಲಿ. ಕಾನೂನು ತಪ್ಪಾಗಿದ್ದರೆ ಅದನ್ನು ಧಿಕ್ಕರಿಸುವ ಹಕ್ಕು ವ್ಯಕ್ತಿಗೆ ಇದೆ ಎಂದು ಲಿಬರ್ಟೇರಿಯನ್ ಬಣ ವಾದಿಸಿತು. ಯುದ್ಧ ನಡೆಯುತ್ತಿರುವಾಗ ಕಾನೂನು ಮುರಿಯುವುದು ಶತ್ರುವಿಗೆ ನೆರವಾದಂತೆ ಎಂಬುದು ಸಂಪ್ರದಾಯವಾದಿಗಳ ನಿಲುವು. ಭರ್ತಿಯನ್ನು ಪ್ರತಿರೋಧಿಸಬೇಕೆಂಬ ನಿರ್ಣಯ ಬಿದ್ದುಹೋಯಿತು. ಕಾರ್ಡ್ ಉರಿದದ್ದು ಆ ಬಳಿಕ. ಒಂದು ಬಣ ಮುಕ್ತ ವ್ಯಾಪಾರದ ಹಳೆಯ ಫ್ರೆಂಚ್ ಘೋಷಣೆಯಾದ 'ಲೇಸೆ ಫೇರ್' ಎಂದು ಕೂಗಿದರೆ, ಎದುರು ಬಣ ಅದನ್ನೇ 'ಲೇಜಿ ಫೇರೀಸ್' ಎಂದು ತಿರುಚಿ ಹೀಯಾಳಿಸಿತು. ವಿದ್ಯಾರ್ಥಿ ರಾಜಕಾರಣದ ಭಾಷೆ ಎಲ್ಲ ಕಡೆಯೂ ಒಂದೇ ಇರಬೇಕು!

ಅದೇ ಸಮಾವೇಶದ ವೇಳೆ ನಗರದ ಪ್ರಸಿದ್ಧ ಉಕ್ಕಿನ ಕಮಾನಿನಡಿ ಬಂಡಾಯಗಾರರನ್ನು ಉದ್ದೇಶಿಸಿ ಮಾತನಾಡಿದವರು ಕಾರ್ಲ್ ಹೆಸ್. 1964ರಲ್ಲಿ ಬಲಪಂಥದ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅವರಿಗೆ ಭಾಷಣ ಬರೆದುಕೊಡುತ್ತಿದ್ದ ಇವರು, ಐದೇ ವರ್ಷದಲ್ಲಿ ತೆರಿಗೆ ಕಟ್ಟಲು ನಿರಾಕರಿಸಿ, ವೆಲ್ಡಿಂಗ್ ಕೆಲಸ ಮಾಡಿ ಬದುಕುವ ಹಾದಿ ಹಿಡಿದಿದ್ದರು. ಸಂಘಟನೆಯಿಂದ ಹೊರಬಿದ್ದ ಗುಂಪು ಅದೇ ವರ್ಷ 'ಸೊಸೈಟಿ ಫಾರ್ ಇಂಡಿವಿಜುವಲ್ ಲಿಬರ್ಟಿ' ಎಂಬ ಹೊಸ ಸಂಸ್ಥೆ ಕಟ್ಟಿತು.

ನಮ್ಮ ಓದುಗರಿಗೆ ಇಲ್ಲೊಂದು ಗೊಂದಲ ಸಹಜ. ಭಾರತದಲ್ಲಿ ಮುಕ್ತ ಮಾರುಕಟ್ಟೆಯ ವಾದ ಎಂದರೆ ಲೈಸೆನ್ಸ್ ರಾಜ್ ವಿರುದ್ಧದ ವಾದ ಎಂದೇ ಅರ್ಥ. ಕಾಸರಗೋಡು ಸೀಮೆಯ ಬೆಳ್ಳಿಕೋತ್ ಮೂಲದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ವಿರುದ್ಧ ಏಕಾಂಗಿಯಾಗಿ ಭಿನ್ನಮತದ ಟಿಪ್ಪಣಿ ಬರೆದರು. ಅವರ ತಕರಾರು ಇದ್ದದ್ದು ಕೊರತೆ ಹಣಕಾಸು ಮತ್ತು ಸರ್ಕಾರಿ ನಿಯಂತ್ರಣಗಳ ಮೇಲೆ. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷದ್ದೂ ಬಹುಮಟ್ಟಿಗೆ ಇದೇ ಧಾಟಿ. ಸ್ವತಂತ್ರ ಭಾರತದಲ್ಲಿ ಕಡ್ಡಾಯ ಸೇನಾ ಭರ್ತಿ ಬರಲೇ ಇಲ್ಲವಾದ್ದರಿಂದ, ಪರ್ಮಿಟ್ಟನ್ನು ವಿರೋಧಿಸುವ ತರ್ಕ ಮನುಷ್ಯನ ದೇಹದ ಮೇಲಿನ ಸರ್ಕಾರದ ಹಕ್ಕನ್ನೂ ವಿರೋಧಿಸುತ್ತದೆಯೇ ಎಂಬ ಪರೀಕ್ಷೆ ಇಲ್ಲಿನ ಕಾಲೇಜುಗಳಲ್ಲಿ ನಡೆಯಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ನಡೆದದ್ದು ಆ ಪರೀಕ್ಷೆ.

ಹಾಗಾದರೆ ಕಡ್ಡಾಯ ಭರ್ತಿಗೂ ಮಾರುಕಟ್ಟೆಗೂ ಏನು ಸಂಬಂಧ? ಇದನ್ನು ಬಿಡಿಸಿ ಹೇಳಿದವರು ಷಿಕಾಗೊ ವಿಶ್ವವಿದ್ಯಾಲಯದ ಮಿಲ್ಟನ್ ಫ್ರೀಡ್‌ಮನ್. ಒಬ್ಬ ಯುವಕ ಹೊರಗೆ ತಿಂಗಳಿಗೆ 300 ಡಾಲರ್ ದುಡಿಯಬಲ್ಲ ಎಂದುಕೊಳ್ಳೋಣ. ಸರ್ಕಾರ ಆತನನ್ನು ಬಲವಂತವಾಗಿ ಸೇರಿಸಿಕೊಂಡು 100 ಡಾಲರ್ ಕೊಟ್ಟರೆ, ಉಳಿದ 200 ಡಾಲರ್ ಆತ ಕಟ್ಟಿದ ತೆರಿಗೆ. ಬಜೆಟ್ಟಿನಲ್ಲಿ ಇದು ಕಾಣಿಸುವುದಿಲ್ಲ. ಹಾಗಾಗಿ ಸೇನೆ ಅಗ್ಗವಾಗಿರುವಂತೆ ತೋರುತ್ತದೆ. ನಿಜದಲ್ಲಿ ವೆಚ್ಚ ಕಡಿಮೆಯಾಗಿಲ್ಲ, ಎಲ್ಲ ತೆರಿಗೆದಾರರ ಹೆಗಲಿನಿಂದ ಕೆಲವು ಹುಡುಗರ ಹೆಗಲಿಗೆ ವರ್ಗವಾಗಿದೆ ಅಷ್ಟೆ.

ಅಧ್ಯಕ್ಷ ನಿಕ್ಸನ್ 1969ರಲ್ಲಿ ಮಾಜಿ ರಕ್ಷಣಾ ಸಚಿವ ಥಾಮಸ್ ಗೇಟ್ಸ್ ನೇತೃತ್ವದಲ್ಲಿ ಆಯೋಗ ರಚಿಸಿದರು. ಫ್ರೀಡ್‌ಮನ್ ಅದರ ಸದಸ್ಯರಲ್ಲೊಬ್ಬರು. ಆಯೋಗಕ್ಕಾಗಿ ಲೆಕ್ಕ ಹಾಕಿದವರ ಪೈಕಿ ವಾಲ್ಟರ್ ಓಯಿ ಅವರ ಹೆಸರನ್ನು ಹೇಳಲೇಬೇಕು. ಜಪಾನಿ ಮೂಲದ ಈ ಅಂಧ ಅರ್ಥಶಾಸ್ತ್ರಜ್ಞ, ಎರಡನೇ ಮಹಾಯುದ್ಧದ ವೇಳೆ ಬಾಲಕನಾಗಿ ಅಮೆರಿಕ ಸರ್ಕಾರದ ಬಂಧನ ಶಿಬಿರದಲ್ಲಿ ದಿನ ಕಳೆದವರು. 1970ರ ಫೆಬ್ರವರಿಯಲ್ಲಿ ಆಯೋಗ ಸ್ವಯಂಪ್ರೇರಿತ ಸೇನೆಗೆ ಒಮ್ಮತದ ಶಿಫಾರಸು ಮಾಡಿತು. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಹೆಸರು ನೋಂದಣಿಯ ನಿಯಮ ಮಾತ್ರ 1980ರಲ್ಲಿ ಮರಳಿ ಬಂತು.

ಭರ್ತಿ ನಿಲ್ಲಿಸಿದ್ದು ಕಾರ್ಡಿನ ಬೆಂಕಿಯೋ, ಲೆಕ್ಕದ ಪುಸ್ತಕವೋ? ಬೀದಿಯ ಪ್ರತಿಭಟನೆ ಇಲ್ಲದಿದ್ದರೆ ನಿಕ್ಸನ್ ಆಯೋಗವನ್ನೇ ನೇಮಿಸುತ್ತಿರಲಿಲ್ಲ ಎನ್ನುವುದರಲ್ಲಿ ಹುರುಳಿದೆ. ಆದರೆ ಆಯೋಗದ ಕೈಗೆ ಉತ್ತರ ಸಿಕ್ಕಿದ್ದು ಅರ್ಥಶಾಸ್ತ್ರಜ್ಞರಿಂದ. ಸಂಬಳಕ್ಕಾಗಿ ಸೇನೆ ಸೇರುವವರು ಬಡ ಮನೆಗಳ ಮಕ್ಕಳೇ ಆಗುವುದಿಲ್ಲವೇ ಎಂಬ ಆಕ್ಷೇಪವೂ ಅಂದೇ ಎದ್ದಿತ್ತು. ಬಲವಂತದ ಭರ್ತಿಯಲ್ಲೂ ಓದುವ ಸೌಕರ್ಯವಿದ್ದವರೇ ವಿನಾಯಿತಿ ಪಡೆಯುತ್ತಿದ್ದರು ಎಂಬುದು ಇದಕ್ಕೆ ಸಿಕ್ಕ ಮರುತ್ತರ. ಅದು ಹಳೆಯ ವ್ಯವಸ್ಥೆಯ ದೋಷವನ್ನು ತೋರಿಸುತ್ತದೆಯೇ ಹೊರತು ಹೊಸದನ್ನು ಸಮರ್ಥಿಸುವುದಿಲ್ಲ.

1971ರ ಜನವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಈ ಹೊಸ ಪಂಥದ ಕುರಿತು ಬರೆದ ಲೇಖನವನ್ನು 'ನ್ಯೂಯಾರ್ಕ್ ಟೈಮ್ಸ್' ತನ್ನ ಭಾನುವಾರದ ನಿಯತಕಾಲಿಕೆಯಲ್ಲಿ ಪ್ರಕಟಿಸಿತು. ಅವರಲ್ಲಿ ಒಬ್ಬರಾದ ಲೂಯಿ ರೊಸೆಟ್ಟೊ 1993ರಲ್ಲಿ 'ವೈರ್ಡ್' ಪತ್ರಿಕೆಯ ಸಹಸಂಸ್ಥಾಪಕರಾದರು.

ವಿಚಿತ್ರವೆಂದರೆ, ಭರ್ತಿಗೆ ಕೊನೆ ಹಾಡಲು ಹೊರಟಿದ್ದ ಅದೇ ನಿಕ್ಸನ್ 1971ರ ಆಗಸ್ಟ್ 15ರಂದು ಬೆಲೆ ಮತ್ತು ಸಂಬಳಗಳನ್ನು 90 ದಿನ ಸ್ತಂಭನಗೊಳಿಸಿದರು. ರೊಚ್ಚಿಗೆದ್ದ ಡೇವಿಡ್ ನೋಲನ್ ಮತ್ತು ಗೆಳೆಯರು ಡಿಸೆಂಬರ್‌ನಲ್ಲಿ ಕೊಲರಾಡೊದಲ್ಲಿ ಲಿಬರ್ಟೇರಿಯನ್ ಪಕ್ಷ ಸ್ಥಾಪಿಸಿದರು. 1972ರ ಚುನಾವಣೆಯಲ್ಲಿ ಅದರ ಅಭ್ಯರ್ಥಿಗಳ ಹೆಸರು ಮತಪತ್ರದಲ್ಲಿ ಅಚ್ಚಾದದ್ದು ಎರಡೇ ರಾಜ್ಯಗಳಲ್ಲಿ. ದೊರೆತ ಮತ ನಾಲ್ಕು ಸಾವಿರಕ್ಕೂ ಕಡಿಮೆ. ಆದರೂ ವರ್ಜೀನಿಯಾದ ರಿಪಬ್ಲಿಕನ್ ಎಲೆಕ್ಟರ್ ರೋಜರ್ ಮ್ಯಾಕ್‌ಬ್ರೈಡ್ ನಿಕ್ಸನ್‌ಗೆ ಹಾಕಬೇಕಿದ್ದ ತಮ್ಮ ಮತವನ್ನು ಈ ಪಕ್ಷಕ್ಕೆ ಹಾಕಿದರು. ಅಮೆರಿಕದ ಚರಿತ್ರೆಯಲ್ಲಿ ಮಹಿಳೆಯೊಬ್ಬರು ಎಲೆಕ್ಟರ್ ಮತ ಪಡೆದದ್ದು ಅದೇ ಮೊದಲು. ಆಕೆ ಪಕ್ಷದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ, ಒರೆಗಾನ್‌ನ ಟೋನಿ ನೇಥನ್.