ಮೂರು ಉಬ್ಬರ, ಒಂದು ಪೈಂಟ್: ಲಂಡನ್ ಬಂದರಿನ ಪಬ್ ನಡಿಗೆ

‘ನಾನೇ ಎಲ್ಲರಿಗಿಂತ ಹಳಬ’ ಎಂದು ಹೇಳಿಕೊಳ್ಳದ ಪಬ್ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಸಿಗುವುದು ಕಷ್ಟ. ವಾಪಿಂಗ್‌ನ ‘ಪ್ರಾಸ್ಪೆಕ್ಟ್ ಆಫ್ ವಿಟ್ಬಿ’ ತನ್ನ ಹುಟ್ಟನ್ನು 1520ಕ್ಕೆ ಒಯ್ಯುತ್ತದೆ. ಆಚೆ ದಡದ ರಾಥರ್‌ಹೈಥ್‌ನಲ್ಲಿರುವ ‘ಮೇಫ್ಲವರ್’ 1550ರ ಲೆಕ್ಕ ಕೊಡುತ್ತದೆ. ಇನ್ನೂ ಪೂರ್ವಕ್ಕೆ ಹೋದರೆ ಲೈಮ್‌ಹೌಸ್‌ನ ‘ಗ್ರೇಪ್ಸ್’, ತಾನು 1583ರಿಂದಲೇ ಇದ್ದೇನೆ ಎನ್ನುತ್ತದೆ. ಇಟ್ಟಿಗೆ ಗಾರೆಯ ಸಾಕ್ಷ್ಯ ಮಾತ್ರ ಬೇರೆ. ಗ್ರೇಪ್ಸ್‌ನ ಈಗಿನ ಕಟ್ಟಡ 1720ರ ದಶಕದ್ದು. ಪ್ರಾಸ್ಪೆಕ್ಟ್ ಬೆಂಕಿಗೆ ಸಿಕ್ಕಿ ಮತ್ತೆ ಎದ್ದದ್ದು, ಅಲ್ಲಿ ನಿಜವಾಗಿ ಪುರಾತನವಾದದ್ದು ಕಾಲ ಕೆಳಗಿನ ಕಲ್ಲುಚಪ್ಪಡಿ ಮಾತ್ರ. ಮೇಫ್ಲವರ್ ಆ ಹೆಸರಿಟ್ಟುಕೊಂಡದ್ದು 1957ರಲ್ಲಿ.

ಈ ಪಬ್‌ಗಳನ್ನು ಒಂದಾದ ಮೇಲೊಂದರಂತೆ ನಡೆದು ನೋಡುವುದು ಲಂಡನ್ನಿನ ಪ್ರವಾಸಿಗರಿಗೆ ಈಗ ರೂಢಿಯಾದ ಸಂಜೆಯ ಕಾರ್ಯಕ್ರಮ. ಟ್ಯೂಬ್ ನಿಲ್ದಾಣವೊಂದರ ಬಾಗಿಲಲ್ಲಿ ಗೈಡ್ ಕಾಯುತ್ತಿರುತ್ತಾರೆ. ಎರಡು ಗಂಟೆಯ ನಡಿಗೆ, ನಡುವೆ ಎರಡೋ ಮೂರೋ ಪಬ್, ಒಂದೊಂದರಲ್ಲಿ ಅರ್ಧ ಪೈಂಟ್ ಕುಡಿಯುವಷ್ಟು ಬಿಡುವು. ಕುಡಿತದ ಖರ್ಚು ಸಾಮಾನ್ಯವಾಗಿ ಅವರವರದೇ. ಗೈಡ್‌ಗಳಲ್ಲೂ ತರತಮವಿದೆ. ಎದೆಯ ಮೇಲೆ ‘ಬ್ಲೂ ಬ್ಯಾಡ್ಜ್’ ಇದ್ದವರು ಒಂದೂವರೆ ಎರಡು ವರ್ಷ ಓದಿ, ಬರಹದ ಪರೀಕ್ಷೆಯ ಜೊತೆಗೆ ಬೀದಿಯಲ್ಲೇ ನಿಂತು ಮಾತಾಡಿ ತೋರಿಸುವ ಪರೀಕ್ಷೆಯನ್ನೂ ದಾಟಿದವರು. ಉಳಿದವರಲ್ಲಿ ಊರಿನ ಇತಿಹಾಸ ಅರೆದು ಕುಡಿದವರೂ ಇದ್ದಾರೆ, ದೆವ್ವದ ಕತೆ ಹೇಳಿ ಟಿಪ್ಸ್ ಎಣಿಸಿಕೊಳ್ಳುವವರೂ ಇದ್ದಾರೆ. ಇಬ್ಬರನ್ನೂ ಪತ್ತೆಹಚ್ಚುವುದು ಸುಲಭ: ದಂತಕತೆ ಬಂದಾಗ ‘ಇದು ದಂತಕತೆ’ ಎಂದು ಹೇಳುತ್ತಾರೋ ಇಲ್ಲವೋ ನೋಡಿದರಾಯಿತು.

ವಾಪಿಂಗ್ ಇರುವುದು ಟವರ್ ಬ್ರಿಡ್ಜ್‌ನ ಪೂರ್ವಕ್ಕೆ, ನದಿಯ ಉತ್ತರ ದಂಡೆಯಲ್ಲಿ. ಕಲ್ಲು ಹಾಸಿದ ಕಿರಿದಾದ ಹೈ ಸ್ಟ್ರೀಟ್, ಎರಡೂ ಬದಿಗೆ ಎತ್ತರದ ಇಟ್ಟಿಗೆ ಗೋದಾಮುಗಳು. ಒಂದು ಕಾಲಕ್ಕೆ ಇವುಗಳಲ್ಲಿ ಚಹಾ, ಕಾಫಿ, ಸಾಂಬಾರ ಪದಾರ್ಥ, ದಂತ, ಉಣ್ಣೆ ತುಂಬಿರುತ್ತಿದ್ದವು. ಈಗ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳಿವೆ. ಗೋದಾಮುಗಳ ಸಂದಿಯಲ್ಲಿ ಅಲ್ಲಲ್ಲಿ ಕಲ್ಲಿನ ಮೆಟ್ಟಿಲುಗಳು ನದಿಗೆ ಇಳಿಯುತ್ತವೆ. ಥೇಮ್ಸ್ ಇಲ್ಲಿ ನದಿಯಾದರೂ ಸಮುದ್ರದ ಮಾತು ಕೇಳುತ್ತದೆ. ಉಬ್ಬರ ಇಳಿತದ ಅಂತರ ಏಳು ಮೀಟರ್‌ವರೆಗೂ ಹೋಗುತ್ತದೆ. ಇಳಿತದ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಕೆಸರು, ಜಲ್ಲಿ, ತಂಬಾಕು ಸೇದುವ ಮಣ್ಣಿನ ಕೊಳವೆಯ ಚೂರುಗಳು ಕಾಣಿಸುತ್ತವೆ. ಉಬ್ಬರ ಬಂದರೆ ನೀರು ಪಬ್‌ಗಳ ಹಿಂಗೋಡೆಯನ್ನೇ ಬಡಿಯುತ್ತದೆ.

ಈ ಕೆಸರಿನಲ್ಲೇ ಎಲ್ಲೋ ‘ಎಕ್ಸಿಕ್ಯೂಷನ್ ಡಾಕ್’ ಇತ್ತು. ಕಡಲ್ಗಳ್ಳತನ, ಹಡಗಿನ ದಂಗೆ, ಸಮುದ್ರದ ಮೇಲಿನ ಕೊಲೆ ಇವೆಲ್ಲ ನೌಕಾ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತಿದ್ದುದರಿಂದ ಅಪರಾಧಿಗಳನ್ನು ಗಲ್ಲಿಗೇರಿಸುವ ಜಾಗವೂ ನೀರಿನ ಅಂಚಿನಲ್ಲೇ ಇರಬೇಕಿತ್ತು. ದಕ್ಷಿಣ ದಂಡೆಯ ಮಾರ್ಷಲ್‌ಸೀ ಜೈಲಿನಿಂದ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಬೆಳ್ಳಿಯ ಹುಟ್ಟು ಹಿಡಿದ ಅಧಿಕಾರಿ, ಹಿಂದೆ ಗಾಡಿಯಲ್ಲಿ ಕೈದಿ, ಲಂಡನ್ ಬ್ರಿಡ್ಜ್ ದಾಟಿ ವಾಪಿಂಗ್‌ವರೆಗೆ. ದಾರಿಯಲ್ಲಿ ‘ಟರ್ಕ್ಸ್ ಹೆಡ್’ ಎಂಬ ಪಬ್‌ನಲ್ಲಿ ಕೈದಿಗೆ ಕೊನೆಯ ಬಾರಿ ಒಂದು ಕ್ವಾರ್ಟ್ ಏಲ್ ಕುಡಿಯಲು ಬಿಡುತ್ತಿದ್ದರಂತೆ. ನೇಣುಹಗ್ಗವನ್ನು ಬೇಕೆಂದೇ ಗಿಡ್ಡ ಇಡುತ್ತಿದ್ದುದರಿಂದ ಸಾವು ತಡವಾಗಿ ಬರುತ್ತಿತ್ತು. ಮೂರು ಉಬ್ಬರಗಳು ಹೆಣದ ಮೇಲೆ ಹಾದುಹೋಗುವವರೆಗೆ ಅದನ್ನು ಇಳಿಸುವಂತಿರಲಿಲ್ಲ. ಇಲ್ಲಿ ಕೊನೆಯ ಗಲ್ಲು ನಡೆದದ್ದು 1830ರಲ್ಲಿ.

ಹಳೆಯ ಗಲ್ಲಿನ ಜಾಗ ತನ್ನ ಹಿತ್ತಲಲ್ಲೇ ಇತ್ತು ಎಂದು ಹೇಳಿಕೊಳ್ಳುವ ಪಬ್‌ಗಳು ವಾಪಿಂಗ್‌ನಲ್ಲಿ ಒಂದಲ್ಲ. ಪ್ರಾಸ್ಪೆಕ್ಟ್‌ನವರು ಹಿಂಬದಿಯಲ್ಲಿ ಒಂದು ಕಂಬ ನೆಟ್ಟು ನೇಣುಕುಣಿಕೆ ತೂಗುಬಿಟ್ಟಿದ್ದಾರೆ. ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುತ್ತಾರೆ. ಒಳಗೆ ಹಡಗಿನ ಪಟಕಂಬಗಳನ್ನೇ ಆಧಾರಕ್ಕಿಟ್ಟು, ಪೀಪಾಯಿಗಳ ಮೇಲೆ ಕೂರಿಸಿದ ಪ್ಯೂಟರ್ ಲೋಹದ ಉದ್ದನೆಯ ಕೌಂಟರ್ ಇದೆ. ಆ ಕುಣಿಕೆಗಿಂತ ಈ ಕೌಂಟರ್ ಎಷ್ಟೋ ಪಾಲು ನೋಡುವಂಥದ್ದು.

ಗಲ್ಲಿಗೇರಿದವರಲ್ಲಿ ಎಲ್ಲರಿಗಿಂತ ಹೆಸರುವಾಸಿ ಕ್ಯಾಪ್ಟನ್ ವಿಲಿಯಂ ಕಿಡ್. ಅವನ ಹೆಸರಿನ ಪಬ್ಬೂ ಹೈ ಸ್ಟ್ರೀಟ್‌ನಲ್ಲಿದೆ. ಹಳೆಯ ಗೋದಾಮಿನೊಳಗೆ 1980ರ ದಶಕದಲ್ಲಿ ತೆರೆದದ್ದು, ಅಂದರೆ ನೋಡುವುದಕ್ಕಷ್ಟೇ ಮುದಿ. ಯಾರ್ಕ್‌ಷೈರಿನ ಸ್ಯಾಮ್ಯುಯಲ್ ಸ್ಮಿತ್ ಬ್ರೂವರಿಗೆ ಸೇರಿದ ಇದರಲ್ಲಿ ಹಾಡಿಲ್ಲ, ಟಿವಿ ಇಲ್ಲ. 2019ರಲ್ಲಿ ಆ ಕಂಪನಿ ತನ್ನ ಪಬ್‌ಗಳಲ್ಲಿ ಮೊಬೈಲಿಗೂ ನಿಷೇಧ ಹಾಕಿ ಸುದ್ದಿಯಾಯಿತು.

ಕಿಡ್‌ನ ಕತೆಯಲ್ಲಿ ಕನ್ನಡದ ಕರಾವಳಿಯೂ ಇದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆತ ಮೊದಲು ಕಳ್ಳನಲ್ಲ, ಕಳ್ಳರನ್ನು ಹಿಡಿಯಲು ಹೊರಟವ. ದೊರೆ ಮೂರನೇ ವಿಲಿಯಂ ಕೊಟ್ಟ ಅಧಿಕಾರಪತ್ರ, ಪ್ರಭಾವಿ ಸಿರಿವಂತರ ಬಂಡವಾಳ, 34 ಫಿರಂಗಿಗಳ ‘ಅಡ್ವೆಂಚರ್ ಗ್ಯಾಲಿ’ ಹಡಗು ಎಲ್ಲವೂ ಅವನಿಗಿದ್ದವು. ಸಂಬಳವಿರಲಿಲ್ಲ, ಬೇಟೆ ಸಿಕ್ಕರಷ್ಟೇ ಪಾಲು. 1697ರ ಸೆಪ್ಟೆಂಬರಿನಲ್ಲಿ ನೀರು, ದಿನಸಿ ಹುಡುಕಿಕೊಂಡು ಅವನ ಹಡಗು ಬಂದು ಲಂಗರು ಹಾಕಿದ್ದು ಕಾರವಾರದಲ್ಲಿ. ಕಾಳುಮೆಣಸಿನ ವ್ಯಾಪಾರಕ್ಕಾಗಿ ಇಂಗ್ಲಿಷರು 1638ರಿಂದಲೇ ಅಲ್ಲಿ ಕೋಠಿ ಇಟ್ಟಿದ್ದರು. ನಾಯಕನ ನಡೆಯಿಂದ ಬೇಸತ್ತಿದ್ದ ಕೆಲವು ನಾವಿಕರು ಕಾರವಾರದಲ್ಲೇ ಹಡಗು ಬಿಟ್ಟರು. ಸೂರತ್ತಿಗೆ ಹೊರಟಿದ್ದ ಆಭರಣ ವ್ಯಾಪಾರಿ ಬೆಂಜಮಿನ್ ಫ್ರ್ಯಾಂಕ್ಸ್ ಕೂಡ ಅವರಲ್ಲೊಬ್ಬ. ಆತ ಮುಂಬಯಿಗೆ ಹೋಗಿ ಹೇಳಿಕೆ ಬರೆಸಿದ. ಕಿಡ್ ದಾರಿ ತಪ್ಪಿದ್ದಾನೆ ಎಂಬ ಸುದ್ದಿ ಈಸ್ಟ್ ಇಂಡಿಯಾ ಕಂಪನಿಯ ಕಿವಿಗೆ ಬಿದ್ದದ್ದು ಹೀಗೆ, ಕಾಳಿ ನದಿಯ ಬಾಯಿಂದ.

ಮುಂದಿನದೆಲ್ಲ ಇಳಿಜಾರು. ಅಕ್ಟೋಬರ್ ಕೊನೆಯಲ್ಲಿ ಜಗಳದ ನಡುವೆ ಕಿಡ್ ತನ್ನ ಗೋಲಂದಾಜ ವಿಲಿಯಂ ಮೂರ್‌ನ ತಲೆಗೆ ಕಬ್ಬಿಣದ ಪಟ್ಟಿಯ ಬಕೆಟ್ಟಿನಿಂದ ಹೊಡೆದ; ಮರುದಿನ ಆತ ಸತ್ತ. 1698ರ ಜನವರಿಯಲ್ಲಿ ಮಲಬಾರ್ ಕರಾವಳಿಯಲ್ಲಿ ಆರ್ಮೇನಿಯನ್ ವರ್ತಕರ ಸರಕಿದ್ದ ‘ಕ್ವೆಡಾ ಮರ್ಚಂಟ್’ ಹಡಗನ್ನು ವಶಪಡಿಸಿಕೊಂಡ. ಆ ಹಡಗಿನ ಬಳಿ ಫ್ರೆಂಚ್ ರಹದಾರಿಯಿತ್ತು, ಇಂಗ್ಲೆಂಡಿಗೆ ಫ್ರಾನ್ಸ್ ಶತ್ರುದೇಶ, ಆದ್ದರಿಂದ ಇದು ನ್ಯಾಯವಾದ ಬೇಟೆ ಎಂಬುದು ಅವನ ವಾದ. ಕಾಲ ಅವನ ಕಡೆಗಿರಲಿಲ್ಲ. ಮೂರು ವರ್ಷ ಮೊದಲಷ್ಟೇ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಮೊಗಲರ ‘ಗಂಜ್‌-ಇ-ಸವಾಯಿ’ ಹಡಗನ್ನು ಲೂಟಿ ಮಾಡಿದ್ದ. ಔರಂಗಜೇಬನ ಸಿಟ್ಟಿಗೆ ಕಂಪನಿ ತತ್ತರಿಸಿಹೋಗಿತ್ತು. ಯಾರನ್ನಾದರೂ ಗಲ್ಲಿಗೇರಿಸಿ ತೋರಿಸಬೇಕಿತ್ತು. ವಿಚಾರಣೆಯ ಹೊತ್ತಿಗೆ ಆ ಫ್ರೆಂಚ್ ರಹದಾರಿಗಳೇ ಕಾಣೆಯಾಗಿದ್ದವು; ಅವು ಸರ್ಕಾರಿ ದಫ್ತರದಲ್ಲಿ ಪತ್ತೆಯಾದದ್ದು 20ನೇ ಶತಮಾನದ ಆರಂಭದಲ್ಲಿ. 1701ರ ಮೇ 23ರಂದು ಕಿಡ್‌ನನ್ನು ವಾಪಿಂಗ್‌ಗೆ ತಂದರು. ಮೊದಲ ಹಗ್ಗ ಹರಿಯಿತು. ಎರಡನೆಯದು ಹರಿಯಲಿಲ್ಲ. ಹೆಣಕ್ಕೆ ಸರಪಳಿ ಬಿಗಿದು, ನದಿಯಲ್ಲಿ ಬಂದುಹೋಗುವ ಹಡಗುಗಳಿಗೆ ಎಚ್ಚರಿಕೆಯಾಗಿರಲಿ ಎಂದು ಟಿಲ್‌ಬರಿಯಲ್ಲಿ ತೂಗುಹಾಕಿದರು.

ಕಡಲ್ಗಳ್ಳರ ಕತೆಗೆ ಎಲ್ಲ ಗೈಡ್‌ಗಳೂ ಬರುತ್ತಾರೆ. ಕಲ್ಲಿದ್ದಲಿನ ಕತೆಗೆ ಬರುವವರು ಕಡಿಮೆ. ಬಂದರಿನ ಪಬ್ ಎಂದರೆ ನಿಜವಾಗಿ ಏನಾಗಿತ್ತು ಎಂಬುದು ತಿಳಿಯುವುದು ಮಾತ್ರ ಅಲ್ಲೇ.

ಲಂಡನ್ನಿನ ಒಲೆಗಳೆಲ್ಲ ಉರಿಯುತ್ತಿದ್ದುದು ನ್ಯೂಕಾಸಲ್ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲಿನಿಂದ. ‘ಪ್ರಾಸ್ಪೆಕ್ಟ್ ಆಫ್ ವಿಟ್ಬಿ’ ಎಂಬ ಹೆಸರೂ ಅಂಥದೊಂದು ಹಡಗಿನದೇ. ಅದಕ್ಕೂ ಮೊದಲು ಆ ಪಬ್ಬನ್ನು ಜನ ‘ಡೆವಿಲ್ಸ್ ಟ್ಯಾವರ್ನ್’ ಎನ್ನುತ್ತಿದ್ದರು. ಕಲ್ಲಿದ್ದಲು ಇಳಿಸುವ ಕೂಲಿಗಳಲ್ಲಿ ಹೆಚ್ಚಿನವರು ಐರಿಷರು. ಅವರಿಗೆ ಕೆಲಸ ಹಂಚುತ್ತಿದ್ದವನು ಪಬ್ಬಿನ ಯಜಮಾನ. ಕೂಲಿ ಬಟವಾಡೆಯೂ ಅವನ ಕೌಂಟರಿನಲ್ಲೇ. ಕುಡಿದಿರಲಿ ಬಿಡಲಿ, ಕುಡಿತದ ಲೆಕ್ಕ ಮುರಿದುಕೊಂಡೇ ಉಳಿದ ಕಾಸು ಕೈಗೆ. ಕುಡಿಯಲೊಲ್ಲದವನಿಗೆ ನಾಳೆ ಕೆಲಸವಿಲ್ಲ. ಜೀತ ಎಂದರೆ ತಪ್ಪಾಗದು.

1768ರಲ್ಲಿ ಇದು ಸಿಡಿಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಕೂಲಿಗಳು, ಆಳು ಗೊತ್ತುಮಾಡುವ ಏಜೆಂಟನೂ ಆಗಿದ್ದ ಜಾನ್ ಗ್ರೀನ್‌ನ ‘ರೌಂಡ್ ಅಬೌಟ್ ಟ್ಯಾವರ್ನ್’ಗೆ ರಾತ್ರಿಯಿಡೀ ಮುತ್ತಿಗೆ ಹಾಕಿದರು. ಗ್ರೀನ್ ಒಳಗಿನಿಂದ ಗುಂಡು ಹಾರಿಸಿ, ಕೊನೆಗೆ ಹೇಗೋ ತಪ್ಪಿಸಿಕೊಂಡ. ಕೊಲೆಯ ಆರೋಪ ಎದುರಿಸಿದ ಅವನಿಗೆ ಬಿಡುಗಡೆಯಾಯಿತು. ಕೂಲಿಗಳಲ್ಲಿ ಏಳು ಮಂದಿಯನ್ನು ಜುಲೈನಲ್ಲಿ ಪಕ್ಕದ ಶ್ಯಾಡ್‌ವೆಲ್‌ನ ‘ಸನ್ ಟ್ಯಾವರ್ನ್ ಫೀಲ್ಡ್ಸ್’ ಮೈದಾನದಲ್ಲಿ ಗಲ್ಲಿಗೇರಿಸಿದರು. ಪಬ್ ಯಜಮಾನರ ಹಿಡಿತ ಸಡಿಲಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1843ರ ಕಾಯ್ದೆಯೊಂದು ಕೂಲಿಗಳ ನೇಮಕಕ್ಕೆ ಪ್ರತ್ಯೇಕ ಕಚೇರಿ ತೆರೆದ ಮೇಲಷ್ಟೇ ಕೆಲಸ ಹುಡುಕುವವ ಪಬ್ಬಿನ ಹೊಸ್ತಿಲು ತುಳಿಯದೆ ಬದುಕುವಂತಾಯಿತು.

‘ಟೌನ್ ಆಫ್ ರಾಮ್ಸ್‌ಗೇಟ್’ ಇರುವುದು ವಾಪಿಂಗ್ ಓಲ್ಡ್ ಸ್ಟೇರ್ಸ್ ಎಂಬ ಮೆಟ್ಟಿಲ ಪಕ್ಕದಲ್ಲೇ. ಕೆಂಟ್ ಕರಾವಳಿಯ ರಾಮ್ಸ್‌ಗೇಟಿನ ಬೆಸ್ತರು ಈ ಮೆಟ್ಟಿಲಲ್ಲಿ ಮೀನು ಇಳಿಸುತ್ತಿದ್ದುದರಿಂದ ಆ ಹೆಸರು. ರೈಲುಬೋಗಿಯಷ್ಟು ಉದ್ದಕ್ಕೆ, ಅಷ್ಟೇ ಇಕ್ಕಟ್ಟಿಗೆ ಹಬ್ಬಿದ ಒಂದೇ ಕೋಣೆ. ನ್ಯಾಯಾಧೀಶ ಜಾರ್ಜ್ ಜೆಫ್ರೀಸ್ ಸಿಕ್ಕಿಬಿದ್ದದ್ದು ಇಲ್ಲೇ ಎನ್ನುತ್ತಾರೆ. 1685ರ ಬಂಡಾಯದ ನಂತರ ನೂರಾರು ಜನರನ್ನು ಗಲ್ಲಿಗೆ ಕಳಿಸಿದ್ದ ಈತ, 1688ರ ಡಿಸೆಂಬರಿನಲ್ಲಿ ದೊರೆ ಎರಡನೇ ಜೇಮ್ಸ್ ಪಲಾಯನ ಮಾಡಿದಾಗ ನಾವಿಕನ ವೇಷ ತೊಟ್ಟು ಹಡಗು ಹತ್ತಲು ವಾಪಿಂಗ್‌ಗೆ ಬಂದಿದ್ದ. ಅವನ ಕೋರ್ಟಿನಲ್ಲಿ ಹಿಂದೊಮ್ಮೆ ಬೈಸಿಕೊಂಡಿದ್ದವನೊಬ್ಬ ಗುರುತು ಹಿಡಿದ. ಮರುವರ್ಷ ಜೆಫ್ರೀಸ್ ಲಂಡನ್ ಟವರಿನ ಸೆರೆಯಲ್ಲೇ ಸತ್ತ. ಸಿಕ್ಕಿಬಿದ್ದದ್ದು ವಾಪಿಂಗ್‌ನಲ್ಲಿ ಎಂಬುದು ಇತಿಹಾಸ, ಇದೇ ಪಬ್ಬಿನಲ್ಲಿ ಎಂಬುದು ಪಬ್ಬಿನ ಮಾತು.

ಬಿಯರ್ ವಿಷಯದಲ್ಲೂ ಇಂಥದೊಂದು ನಂಬಿಕೆ ಬೇರೂರಿದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳ ಪಟ್ಟಿಯಲ್ಲಿ ಕಾಣುವ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಭಾರತದ ಹಡಗುಯಾನಕ್ಕೆಂದೇ ಯಾರೋ ಕಂಡುಹಿಡಿದದ್ದು ಎಂದು ಹೇಳುವುದುಂಟು. ಹಾಪ್ಸ್ ಹೆಚ್ಚು ಹಾಕಿದ ತಿಳಿಬಣ್ಣದ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ವಾಪಿಂಗ್‌ನ ಪೂರ್ವಕ್ಕೆ ಬೋ ಎಂಬಲ್ಲಿ ಜಾರ್ಜ್ ಹಾಡ್ಸನ್‌ನ ಬ್ರೂವರಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅದಕ್ಕೆ ಹತ್ತಿರ. ಹಾಡ್ಸನ್ ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಒಂದೂವರೆ ವರ್ಷದ ಸಾಲಕ್ಕೆ ಪೀಪಾಯಿ ಕೊಡುತ್ತಿದ್ದ. ಭಾರತದ ಮಾರುಕಟ್ಟೆ ಅವನ ಕೈಗೆ ಬಂದದ್ದು ಹತ್ತಿರದ ಬ್ರೂವರಿ ಮತ್ತು ಧಾರಾಳದ ಉದ್ದರಿಯಿಂದ.

ವಾಪಿಂಗ್‌ನಿಂದ ಆಚೆ ದಡಕ್ಕೆ ದಾಟುವುದೇ ಒಂದು ಅನುಭವ. ವಾಪಿಂಗ್ ನಿಲ್ದಾಣದಿಂದ ರಾಥರ್‌ಹೈಥ್‌ಗೆ ಒಂದೇ ಸ್ಟಾಪ್. ಆದರೆ ಆ ರೈಲು ಓಡುವುದು ಮಾರ್ಕ್ ಬ್ರೂನೆಲ್ ಮತ್ತು ಮಗ ಇಸಂಬಾರ್ಡ್ ಕೊರೆದ ಥೇಮ್ಸ್ ಸುರಂಗದಲ್ಲಿ. ಹಡಗು ಓಡಾಡುವ ನದಿಯ ಅಡಿಯಲ್ಲಿ ಜಗತ್ತಿನಲ್ಲೇ ಮೊದಲು ಕೊರೆದದ್ದು ಇದು. 1825ರಲ್ಲಿ ಶುರುವಾಗಿ 1843ರಲ್ಲಿ, ಆ ಕೂಲಿ ಕಾಯ್ದೆ ಬಂದ ವರ್ಷವೇ, ಪಾದಚಾರಿಗಳಿಗೆ ತೆರೆಯಿತು. ನಡುವೆ ನೀರು ನುಗ್ಗಿ ಕಾರ್ಮಿಕರು ಸತ್ತರು, ಇಸಂಬಾರ್ಡ್ ಕೂದಲೆಳೆಯಲ್ಲಿ ಪಾರಾದ. ಮೆಟ್ಟಿಲು ಹತ್ತಿ ಹೊರಬಂದರೆ ಮೇಫ್ಲವರ್. 1620ರಲ್ಲಿ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಹಡಗು ಹೊರಟದ್ದು ಈ ದಂಡೆಯಿಂದ. ಅದರ ಕ್ಯಾಪ್ಟನ್ ಕ್ರಿಸ್ಟೋಫರ್ ಜೋನ್ಸ್‌ನನ್ನು ಹೂಳಿದ್ದು ಎದುರಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ.

ಗ್ರೇಪ್ಸ್‌ಗೆ ಹೋಗಲು ಮತ್ತೆ ಉತ್ತರ ದಂಡೆಗೆ ಮರಳಿ ಸ್ವಲ್ಪ ದೂರ ನಡೆಯಬೇಕು. ಡಿಕನ್ಸ್ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯ ಪಬ್ಬಿಗೆ ಇದನ್ನೇ ಮಾದರಿಯಾಗಿಟ್ಟುಕೊಂಡ ಎನ್ನುತ್ತಾರೆ. ಈಗಿನ ಒಡೆಯರಲ್ಲಿ ಒಬ್ಬರು ನಟ ಇಯಾನ್ ಮೆಕೆಲನ್. ಅವರ ಗ್ಯಾಂಡಾಲ್ಫ್ ಪಾತ್ರದ ಕೋಲನ್ನು ಕೌಂಟರಿನ ಹಿಂದೆ ಇಟ್ಟಿದ್ದಾರೆ.

ವಾಪಿಂಗ್‌ನ ಪಕ್ಕದ ಲಂಡನ್ ಡಾಕ್ಸ್ 1805ರಲ್ಲಿ ತೆರೆದು 1969ರಲ್ಲಿ ಮುಚ್ಚಿತು. ಕಂಟೇನರ್ ಹಡಗುಗಳು ಈ ಇಕ್ಕಟ್ಟಿಗೆ ಬರುವಂತಿರಲಿಲ್ಲ, ಸರಕೆಲ್ಲ ಟಿಲ್‌ಬರಿಗೆ ಸರಿಯಿತು. ಕೂಲಿಗಳು ಹೋದ ಮೇಲೆ ಅವರ ಪಬ್‌ಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಟರ್ಕ್ಸ್ ಹೆಡ್ ಎಂಬ ಹೆಸರಿನ ಕಟ್ಟಡ ಕೆಡವುವ ಹಂತಕ್ಕೆ ಬಂದಾಗ ನೆರೆಯವರು ಹೋರಾಡಿ ಅದನ್ನು ಉಳಿಸಿಕೊಂಡರು. ಈಗ ಅಲ್ಲಿ ಕೆಫೆ ನಡೆಯುತ್ತಿದೆ. ಉಳಿದ ಪಬ್‌ಗಳನ್ನು ನಡೆಸುತ್ತಿರುವುದರಲ್ಲಿ ನಡಿಗೆಯ ಪ್ರವಾಸಿಗರ ಪಾಲು ಸಣ್ಣದಲ್ಲ. ಹಾಗಾಗಿ ನೇಣುಕುಣಿಕೆಯ ನಾಟಕವನ್ನು ತೀರಾ ಹಳಿಯುವಂತೆಯೂ ಇಲ್ಲ.

ಲಂಡನ್ನಿಗೆ ಹೋಗುವವರು ಈ ನಡಿಗೆಗೆ ಹೊರಡುವ ಮುನ್ನ ಆ ದಿನದ ಉಬ್ಬರ ಇಳಿತದ ವೇಳೆ ನೋಡಿಕೊಳ್ಳಿ. ಇಳಿತದ ಹೊತ್ತಿನಲ್ಲೂ ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ, ಕೆಸರಿಗೆ ಇಳಿಯುವ ಸಾಹಸ ಬೇಡ. ಕೆಸರು ಕೆದಕಿ ಹಳೆಯ ವಸ್ತು ಹೆಕ್ಕಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು. ಪಬ್ಬಿನಲ್ಲಿ ಕೂತು ಮಾಣಿಗಾಗಿ ಕಾಯಬೇಡಿ, ಕೌಂಟರಿಗೆ ಹೋಗಿ ಕೇಳಿ. ಕುಡಿಯದವರು ನಿಂಬೆ ಸೋಡಾ ಹಿಡಿದು ಕೂತರೂ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಪಬ್‌ಗೆ ಸಮಯವಿದ್ದರೆ ಪ್ರಾಸ್ಪೆಕ್ಟ್‌ನ ಗದ್ದಲ ಬಿಟ್ಟು ಟೌನ್ ಆಫ್ ರಾಮ್ಸ್‌ಗೇಟ್‌ಗೆ ಹೋಗಿ. ಜೊತೆಗಿರುವ ಗೈಡ್ ಕಿಡ್‌ನ ಕತೆ ಮುಗಿಸಿದ ಮೇಲೆ 1768ರ ಕಲ್ಲಿದ್ದಲು ಕೂಲಿಗಳ ಬಗ್ಗೆ ಕೇಳಿ ನೋಡಿ.